ಏಳನೇ ಹೋಲ್‌ನ ಬುತ್ತಿ ಡಬ್ಬಿ

ಚೆಂಡು ಬಂದು ಬಡಿದದ್ದು ಬುತ್ತಿ ಡಬ್ಬಿಗೆ. ಗಾಲ್ಫ್ ಮೈದಾನದಲ್ಲಿ ಮೊದಲ ಹೊಡೆತದ ಜಾಗದಿಂದ ಕುಳಿಯವರೆಗಿನ ಒಂದೊಂದು ಹಾದಿಗೂ ಹೋಲ್ ಎನ್ನುತ್ತಾರೆ. ಏಳನೇ ಹೋಲ್‌ನ ಬಲಬದಿಯ ರಫ್‌ನಲ್ಲಿ, ಅಂದರೆ ಹುಲ್ಲು ಎತ್ತರಕ್ಕೆ ಬಿಟ್ಟ ಅಂಚಿನಲ್ಲಿ, ಮಳೆಮರದ ಕೆಳಗೆ, ಕುಡುಗೋಲು ಹಿಡಿದು ಹುಲ್ಲು ಕೊಯ್ಯುತ್ತಿದ್ದ ಹೆಂಗಸಿನಿಂದ ಎರಡು ಮಾರು ದೂರದಲ್ಲಿ ಆ ಸ್ಟೀಲ್ ಡಬ್ಬಿ ಇತ್ತು. ಠಣ್ ಎಂದು ಮುಚ್ಚಳ ಹಾರಿತು. ಮುದ್ದೆ ಮಣ್ಣಿಗೆ ಬಿತ್ತು, ಬಸ್ಸಾರು ಚೆಲ್ಲಿತು. ಮೊದಲ ಹೊಡೆತ ಹೊಡೆಯುವ ಜಾಗವಾದ ಟೀ ಕಡೆಯಿಂದ ಯಾರೂ ಕೂಗಿರಲಿಲ್ಲ. ಚೆಂಡು ದಾರಿ ತಪ್ಪಿ ಜನರತ್ತ ಹೊರಟರೆ ‘ಫೋರ್’ ಎಂದು ಗಂಟಲು ಹರಿಯುವಂತೆ ಕೂಗಬೇಕು. ಗಾಲ್ಫ್ ಆಡುವವರೆಲ್ಲರಿಗೂ ಗೊತ್ತಿರುವ ಮಾತು ಇದು. ಅಂದು ಹೊಡೆದವರಿಗೂ ಗೊತ್ತಿತ್ತು.

ಐದು ನಿಮಿಷದ ನಂತರ ಆ ಗುಂಪಿನ ನಾಲ್ವರು ಆಟಗಾರರೂ ನಡೆದು ಬಂದರು. ಹೊಡೆದವರು ಆ ತಾಯಿಯ ಎದುರಿಗೇ ನಿಂತು ಕೇಳಿದ್ದು ಒಂದೇ ಪ್ರಶ್ನೆ: “ಬಾಲ್ ಎಲ್ಲಿ ಹೋಯಿತು?”

ಆಕೆ ಕೈ ತೋರಿಸಿದರು. ಅವರು ಹೋಗಿ ಹೊಡೆದು ಮುಂದೆ ನಡೆದರು. ಗಾಲ್ಫ್ ಚೆಂಡಿನ ತೂಕ 46 ಗ್ರಾಂಗೆ ಕೊಂಚ ಕಡಿಮೆ. ಚೆನ್ನಾಗಿ ಹೊಡೆಯುವವರ ಡ್ರೈವರ್ ಎಂಬ ಉದ್ದನೆಯ ಕೋಲಿನಿಂದ ಹೊರಟಾಗ ಅದು ಗಂಟೆಗೆ 200 ಕಿಲೋಮೀಟರ್‌ಗೂ ಮೀರಿದ ವೇಗದಲ್ಲಿರುತ್ತದೆ. ಎರಡು ಮಾರು ಈಚೆ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ.

ಆಗ ನಾನು ಮೈದಾನದಲ್ಲಿ ಆಟದ ವೇಗ, ಶಿಸ್ತು ನೋಡಿಕೊಳ್ಳುವ ಮಾರ್ಷಲ್ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಅದಕ್ಕೂ ಮೊದಲು ಬೆಂಗಳೂರಿನ ಹೊರವಲಯದ ಇದೇ ಮೈದಾನದಲ್ಲಿ ಹದಿನಾಲ್ಕು ವರ್ಷ ಕ್ಯಾಡಿಯಾಗಿ ಆಟಗಾರರ ಕ್ಲಬ್‌ಗಳ, ಅಂದರೆ ಹೊಡೆಯುವ ಕೋಲುಗಳ, ಚೀಲ ಹೊತ್ತಿದ್ದೆ. ಕ್ಯಾಡಿಗೆ ಎಲ್ಲವೂ ಕಾಣುತ್ತದೆ, ಏನನ್ನೂ ಹೇಳುವಂತಿಲ್ಲ. ಮಾರ್ಷಲ್‌ಗೆ ಹೇಳುವ ಅಧಿಕಾರವಿದೆ, ಆದರೆ ಹೇಗೆ ಹೇಳಬೇಕೆಂದು ಯಾರೂ ಕಲಿಸುವುದಿಲ್ಲ. ಅಂದು ನಾನು ಓಡಿಹೋಗಿ ಎಲ್ಲರೆದುರು ಅವರ ಮೇಲೆ ಕೂಗಾಡಿದೆ. ಸಂಜೆಗೆ ನನ್ನ ಮೇಲೆಯೇ ದೂರು ಬಂತು. ಊಟ ಹಾಳಾದವರಿಗೆ ಒಂದು ಕ್ಷಮೆಯ ಮಾತೂ ಸಿಗಲಿಲ್ಲ. ಕೂಗಾಡಿ ನಾನು ಸಾಧಿಸಿದ್ದು ಅಷ್ಟೇ. ಅಲ್ಲಿಂದ ಮುಂದೆ ಬೇರೆ ದಾರಿ ಹುಡುಕಿದೆ. ಈ ಒಂಬತ್ತು ವರ್ಷಗಳಲ್ಲಿ ಕೈಗೆ ಹತ್ತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ನಿಧಾನದ ವಿಷಯ. ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. ನಮ್ಮಲ್ಲಿ ನಾಲ್ವರ ಗುಂಪುಗಳು ಎಂಟೊಂಬತ್ತು ನಿಮಿಷಕ್ಕೆ ಒಂದರಂತೆ ಹೊರಡುತ್ತವೆ. ಬೆಳಿಗ್ಗೆ ಆರೂವರೆಯ ಗುಂಪು ಎರಡನೇ ಹೋಲ್‌ನಲ್ಲಿ ಹತ್ತು ನಿಮಿಷ ಕಳೆದುಕೊಂಡರೆ ಅದರ ಬಿಸಿ ಒಂಬತ್ತು ಗಂಟೆಗೆ ಹೊರಟವರಿಗೂ ತಟ್ಟುತ್ತದೆ. ಒಬ್ಬರು ಒಮ್ಮೆ ನನ್ನನ್ನು ಕೇಳಿದರು: “ಇಪ್ಪತ್ತು ಸೆಕೆಂಡ್ ಹೆಚ್ಚಾದರೆ ಆಕಾಶ ಬೀಳುತ್ತದೆಯೇ?” ಮನೆಗೆ ಹೋಗಿ ಲೆಕ್ಕ ಹಾಕಿದೆ. ನಾಲ್ಕು ಜನ, ತಲಾ 90 ಹೊಡೆತ, ಒಟ್ಟು 360. ಒಂದೊಂದಕ್ಕೂ 20 ಸೆಕೆಂಡ್ ಹೆಚ್ಚೆಂದರೆ 7,200 ಸೆಕೆಂಡ್. ಸರಿಯಾಗಿ ಎರಡು ಗಂಟೆ! ಮರುವಾರ ಅವರಿಗೆ ಆ ಚೀಟಿಯನ್ನೇ ಕೊಟ್ಟೆ. ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. ತಮ್ಮ ಸರದಿ ಬಂದಾಗ ಹೊಡೆತಕ್ಕೆ 40 ಸೆಕೆಂಡ್ ಮೀರಬಾರದು ಎಂದು ಗಾಲ್ಫ್ ನಿಯಮಗಳೇ ಸಲಹೆ ಕೊಡುತ್ತವೆ. ಕಳೆದ ಚೆಂಡನ್ನು ಹುಡುಕಲು ಮೊದಲು ಐದು ನಿಮಿಷವಿತ್ತು, 2019ರಿಂದ ಮೂರೇ ನಿಮಿಷ. ನಮ್ಮಲ್ಲಿ ಎಂಟು ನಿಮಿಷ ಪೊದೆ ಬಡಿಯುವವರನ್ನು ನೋಡಿದ್ದೇನೆ. ಹಿಂದಿನ ಟೀಯಲ್ಲಿ ಎರಡು ಗುಂಪು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತದೆ, ಇವರು ಒಮ್ಮೆಯೂ ಅತ್ತ ತಿರುಗಿ ನೋಡುವುದಿಲ್ಲ.

ಮೊದಮೊದಲು ನಾನು ಗಾಡಿಯಲ್ಲಿ ಹಿಂದಿನಿಂದ ಹೋಗಿ “ಬೇಗ ಆಡಿ ಸರ್” ಎನ್ನುತ್ತಿದ್ದೆ. “ನಾವೂ ದುಡ್ಡು ಕೊಟ್ಟೇ ಆಡುತ್ತಿದ್ದೇವೆ” ಎಂಬ ಉತ್ತರ ಬರುತ್ತಿತ್ತು. ಹಿಂದಿನಿಂದ ಬಂದವನು ಅಟ್ಟಲು ಬಂದವನಂತೆ ಕಾಣುತ್ತಾನೆ ಎಂಬುದು ತಿಳಿಯಲು ಒಂದು ವರ್ಷ ಬೇಕಾಯಿತು. ಈಗ ನಾನು ಅವರಿಗಿಂತ ಮುಂದೆ ಹೋಗಿ, ಮುಂದಿನ ಟೀಯಲ್ಲಿ ಗಾಡಿ ನಿಲ್ಲಿಸಿ, ಇಳಿದು ನಡೆದು ಬರುತ್ತೇನೆ. ಚೆಂಡು ಕಳೆದಿದ್ದರೆ ಅವರ ಜೊತೆ ನಾನೂ ಹುಡುಕುತ್ತೇನೆ. ಮೂರು ನಿಮಿಷವಾಯಿತೆಂದರೆ ಗಡಿಯಾರ ತೋರಿಸುತ್ತೇನೆ. ನಿಧಾನ ಮಾಡುವವರು ಯಾರೆಂದು ಗೊತ್ತಿದ್ದರೂ ಅವರೊಬ್ಬರನ್ನೇ ನೋಡಿ ಮಾತನಾಡುವುದಿಲ್ಲ. ನಾಲ್ವರಿಗೂ ಕೇಳುವಂತೆ “ಮುಂದಿನವರು ಈ ಗ್ರೀನ್ ಬಿಟ್ಟು ಹದಿಮೂರು ನಿಮಿಷವಾಯಿತು, ಸರ್” ಎನ್ನುತ್ತೇನೆ. ಗ್ರೀನ್ ಎಂದರೆ ಕುಳಿಯ ಸುತ್ತಲ ನುಣುಪಾದ ಹುಲ್ಲಿನ ಜಾಗ. ಇದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ಗುಂಪು ಹೊರಟ ಹೊತ್ತು, ಐದನೇ, ಒಂಬತ್ತನೇ, ಹದಿನಾಲ್ಕನೇ ಗ್ರೀನ್ ಬಿಟ್ಟ ಹೊತ್ತು ಅದರಲ್ಲಿರುತ್ತದೆ. ‘ನೀವು ನಿಧಾನ’ ಎಂದರೆ ಜಗಳ. ‘ಹದಿಮೂರು ನಿಮಿಷ’ ಎಂದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆಮೇಲೂ ಅಂತರ ಕಡಿಮೆಯಾಗದಿದ್ದರೆ ಹಿಂದಿನವರಿಗೆ ದಾರಿ ಬಿಡಲು ಹೇಳುತ್ತೇನೆ. ದಾರಿ ಬಿಡುವುದನ್ನು ಸೋಲೆಂದು ತಿಳಿಯುವವರು ಇನ್ನೂ ಬಹಳ ಜನ ಇದ್ದಾರೆ. ಅವರ ವಿಷಯದಲ್ಲಿ ನಾನು ಗೆದ್ದಿಲ್ಲ.

ಮೊಬೈಲ್ ವಿಷಯದಲ್ಲಿ ಬರೆಯಲು ಹೆಚ್ಚೇನಿಲ್ಲ. ಒಬ್ಬರು ಪಟ್ ಮಾಡಲು, ಅಂದರೆ ಚೆಂಡನ್ನು ಕುಳಿಯತ್ತ ಉರುಳಿಸಲು, ಬಾಗಿದಾಗ ಇನ್ನೊಬ್ಬರು ಗ್ರೀನ್ ಅಂಚಿನಲ್ಲಿ ಸೈಟಿನ ವ್ಯವಹಾರ ಮಾತನಾಡುತ್ತಾರೆ. ಸ್ಕೋರ್ ಕಾರ್ಡಿನ ಮೇಲೆ ಎಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದರೂ ಅದು ನಿಂತಿಲ್ಲ. ಜೊತೆಯವರು ಮುಖ ಗಂಟಿಕ್ಕಿದ ದಿನ ಮಾತ್ರ ನಿಲ್ಲುತ್ತದೆ.

ಗ್ರೀನ್ ವಿಷಯ ಹಾಗಲ್ಲ. ಅಲ್ಲಿ ತಿಳಿಯದೆ ಆಗುವ ತಪ್ಪೇ ಹೆಚ್ಚು, ತಿಳಿಸಿದರೆ ತಿದ್ದಿಕೊಳ್ಳುತ್ತಾರೆ. ನಮ್ಮ ಗ್ರೀನ್‌ಗಳ ಹುಲ್ಲು ಗರಿಕೆಯ ಜಾತಿಯದು. ಗಣೇಶನಿಗೆ ಏರಿಸುವ ಆ ಗರಿಕೆಯ ವಂಶದ್ದೇ, ಕುಳ್ಳಗೆ ಬೆಳೆಯುವ ಹೈಬ್ರಿಡ್ ತಳಿ. ದಿನವೂ ನಾಲ್ಕು ಮಿಲಿಮೀಟರ್ ಆಸುಪಾಸಿಗೆ ಕತ್ತರಿಸುತ್ತಾರೆ. ಎತ್ತರದಿಂದ ಬಿದ್ದ ಚೆಂಡು ಅಲ್ಲೊಂದು ಹಳ್ಳ ಮಾಡುತ್ತದೆ. ಅದನ್ನು ಮುಚ್ಚುವುದು ಚೆಂಡು ಹೊಡೆದವರ ಕೆಲಸ. ಮುಚ್ಚುವವರಲ್ಲೂ ಅರ್ಧ ಜನ ತಪ್ಪಾಗಿ ಮುಚ್ಚುತ್ತಾರೆ. ಎರಡು ಹಲ್ಲಿನ ಪುಟ್ಟ ಫೋರ್ಕನ್ನು ಹಳ್ಳದ ತಳಕ್ಕೆ ಚುಚ್ಚಿ, ಸೌಟಿನಿಂದ ತಳ ಕೆರೆದಂತೆ ಮೇಲಕ್ಕೆ ಮೀಟುತ್ತಾರೆ. ಬೇರು ಹರಿಯುತ್ತದೆ, ಮೂರು ದಿನದಲ್ಲಿ ಅಲ್ಲೊಂದು ಕಂದು ಬೊಟ್ಟು ಉಳಿಯುತ್ತದೆ. ಮಾಡಬೇಕಾದದ್ದು ಬೇರೆ. ಹಳ್ಳದ ಹೊರ ಅಂಚಿನಲ್ಲಿ ಫೋರ್ಕ್ ಇಳಿಸಿ, ಹಿಡಿಯನ್ನು ಹಳ್ಳದ ಕಡೆಗೆ ಬಾಗಿಸಿ, ಸುತ್ತಲ ಹುಲ್ಲನ್ನು ಮಧ್ಯಕ್ಕೆ ದೂಡಬೇಕು. ನಾಲ್ಕು ದಿಕ್ಕಿನಿಂದಲೂ ಹೀಗೆ ದೂಡಿ, ಕೊನೆಗೆ ಪಟ್ ಮಾಡುವ ಕೋಲಾದ ಪಟ್ಟರ್‌ನ ತಳದಿಂದ ಮೆಲ್ಲಗೆ ತಟ್ಟಬೇಕು. ಅಂಗೈ ಆಡಿಸಿದರೆ ಜಾಗ ಗೊತ್ತಾಗಬಾರದು. ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಗ್ರೀನ್ ಕತ್ತರಿಸುವ ನಮ್ಮ ಹಿರಿಯ ಮಾಲಿ ಪ್ರತಿ ಸಂಜೆ ಇಂಥ ನೂರಾರು ಹಳ್ಳಗಳನ್ನು ಬಗ್ಗಿ ಬಗ್ಗಿ ಮುಚ್ಚುತ್ತಿದ್ದರು. ಅವರ ಸೊಂಟದ ನೋವಿನಲ್ಲಿ ಆಟಗಾರರ ಪಾಲು ಎಷ್ಟೆಂದು ನನಗೆ ಗೊತ್ತು.

ಹೊಸಬರಿಗೆ ಇದನ್ನೆಲ್ಲ ಯಾರು ಹೇಳಿಕೊಡುತ್ತಾರೆ? 2021ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದರು. ಆ ಶನಿವಾರ ಮುಂಜಾನೆ ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲೂ ಟಿವಿ ಹತ್ತಿತ್ತು. ಆಮೇಲೆ ನಮ್ಮ ಮೈದಾನಕ್ಕೂ ಹೊಸ ಮುಖಗಳು ಬಂದವು. ನನಗೆ ಅದು ಸಂತೋಷದ ಸಂಗತಿ. ಆದರೆ ಹೊಡೆತದ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜ್‌ನಲ್ಲಿ ಕಲಿಸುವುದು ಕೋಲು ಬೀಸುವ ಸ್ವಿಂಗ್ ಒಂದನ್ನೇ. ಎಲ್ಲಿ ನಿಲ್ಲಬೇಕು, ಯಾವಾಗ ಮೌನವಾಗಿರಬೇಕು ಎಂಬುದು ಅಲ್ಲಿ ಬರುವುದಿಲ್ಲ. ಹಾಗಾಗಿ ಮೊದಲ ಸಲ ಆಡಲು ಬರುವವರನ್ನು ನಾಲ್ಕು ನಾಲ್ಕು ಜನರಂತೆ ಅಭ್ಯಾಸದ ಗ್ರೀನ್‌ಗೆ ಕರೆದುಕೊಂಡು ಹೋಗುವ ಪದ್ಧತಿ ಶುರುಮಾಡಿದೆ. ಅರ್ಧ ಗಂಟೆ, ಒಂದು ಫೋರ್ಕ್, ಒಂದು ಬಕೆಟ್ ಮರಳು. ಹಳ್ಳ ಮುಚ್ಚಿಸುತ್ತೇನೆ. ಹೋಲ್‌ನ ನಡುವಿನ ಕತ್ತರಿಸಿದ ಹುಲ್ಲಿನ ಹಾದಿಯಾದ ಫೇರ್‌ವೇಯಲ್ಲಿ ಕಿತ್ತ ಹುಲ್ಲಿನ ಜಾಗಕ್ಕೆ ಮರಳು ತುಂಬಿಸುತ್ತೇನೆ. ಮರಳಿನ ಗುಂಡಿಯಾದ ಬಂಕರ್‌ನಿಂದ ಹೊರಬರುವಾಗ ತಮ್ಮ ಹೆಜ್ಜೆಗಳನ್ನು ತಾವೇ ಕುಂಟೆಯಿಂದ ಸಮ ಮಾಡಿಸುತ್ತೇನೆ.

ನೆರಳಿನ ಪಾಠವಂತೂ ಬಾಯಿಮಾತಿನಲ್ಲಿ ಆಗುವುದಿಲ್ಲ. ಬೆಳಗಿನ ಏಳು ಗಂಟೆಯ ಬಿಸಿಲಿನಲ್ಲಿ ಮನುಷ್ಯನ ನೆರಳು ಅವನ ಎತ್ತರದ ಹಲವು ಪಟ್ಟು ಚಾಚಿಕೊಂಡಿರುತ್ತದೆ. ಒಬ್ಬರನ್ನು ಪಟ್ ಮಾಡಲು ಬಾಗಿಸಿ, ಇನ್ನೊಬ್ಬರನ್ನು ದೂರ ನಿಲ್ಲಿಸಿ ತಲೆ ಅಲ್ಲಾಡಿಸಲು ಹೇಳುತ್ತೇನೆ. ಕುಳಿಯ ಬಾಯಲ್ಲಿ ಆ ತಲೆಯ ನೆರಳು ಓಲಾಡುತ್ತದೆ. ಬಾಗಿದವರು ತಾವಾಗಿಯೇ ಎದ್ದು ನಿಲ್ಲುತ್ತಾರೆ. ಒಮ್ಮೆ ಹೀಗೆ ಕಂಡವರು ಮತ್ತೆ ಯಾರ ದಾರಿಗೂ ನೆರಳು ಬೀಳಿಸಿದ್ದನ್ನು ನಾನು ನೋಡಿಲ್ಲ.

ಇನ್ನು ಕ್ಯಾಡಿಗಳ ವಿಷಯ. ಬರೆಯಲು ಕೂತದ್ದೇ ಇದಕ್ಕಾಗಿ.

ಹದಿನಾಲ್ಕು ವರ್ಷ ನನ್ನ ಹೆಸರು ‘ನಲವತ್ತೆರಡು’. ಅಂಗಿಯ ಬೆನ್ನಿನ ಮೇಲೆ ಆ ಸಂಖ್ಯೆ ಇರುತ್ತಿತ್ತು. “ಏಯ್ ನಲವತ್ತೆರಡು, ಐರನ್ ಕೊಡು” ಎನ್ನುತ್ತಿದ್ದರು. ಐರನ್ ಎಂದರೆ ಲೋಹದ ತಲೆಯ ಕೋಲು. ಚೆಂಡು ಗುರಿ ಮುಟ್ಟಿದರೆ ಅವರ ಹೊಡೆತ, ನೀರಿಗೆ ಬಿದ್ದರೆ ನಾನು ಹೇಳಿದ ದೂರ ತಪ್ಪು. ಅಪ್ಪನ ವಯಸ್ಸಿನ ಕ್ಯಾಡಿಗಳನ್ನು ಏಕವಚನದಲ್ಲಿ ಬೈಯುವುದನ್ನು ದಿನವೂ ಕೇಳಿದ್ದೇನೆ. ಎಲ್ಲರೂ ಹಾಗಿರಲಿಲ್ಲ. ನನ್ನ ಮಗಳ ಶಾಲೆಯ ಶುಲ್ಕ ಕಟ್ಟಿ, ಅದನ್ನು ಯಾರಿಗೂ ಹೇಳದ ಹಿರಿಯರೊಬ್ಬರು ಇದ್ದರು. ಆದರೆ ಅವರ ಕಣ್ಣೆದುರಿಗೆ ಬೇರೆಯವರು ಬೈದಾಗ ಅವರೂ ಸುಮ್ಮನಿರುತ್ತಿದ್ದರು. ಬೈಗುಳಕ್ಕಿಂತ ನನ್ನನ್ನು ಹೆಚ್ಚು ನೋಯಿಸಿದ್ದು ಆ ಮೌನ. ಬಿಡದಿ ಬಳಿಯ ಈಗಲ್‌ಟನ್ ಮೈದಾನದಲ್ಲಿ ಕ್ಯಾಡಿಯಾಗಿದ್ದ ಚಿಕ್ಕರಂಗಪ್ಪ ಇಂದು ದೇಶದ ಹೆಸರಾಂತ ವೃತ್ತಿಪರ ಆಟಗಾರ. ಚೀಲ ಹೊರುವವನಿಗೆ ಆಟ ಗೊತ್ತಿಲ್ಲ ಎಂದುಕೊಳ್ಳುವವರಿಗೆ ನಾನು ಹೇಳುವುದು ಅವರ ಹೆಸರನ್ನೇ.

ಮಾರ್ಷಲ್ ಆದ ಮೂರನೇ ವರ್ಷ, ಹದಿನಾರನೇ ಹೋಲ್. 150 ಗಜ, ಮುಂದೆ ಕೆರೆ. ಒಬ್ಬರ ಚೆಂಡು ನೀರಿಗೆ ಬಿತ್ತು. ಅವರು ತಿರುಗಿ, ಕೈಯಲ್ಲಿದ್ದ ಐರನ್ ಅನ್ನು ಬೀಸಿ ಎಸೆದರು. ಅದು ನೆಲಕ್ಕೆ ಬಡಿದು ಪುಟಿದು ಕ್ಯಾಡಿ ಹುಡುಗನ ಮೊಣಕಾಲಿಗೆ ತಗುಲಿತು. ಹುಡುಗ ಅಯ್ಯೋ ಎನ್ನಲಿಲ್ಲ. ಕುಂಟುತ್ತಾ ಹೋಗಿ ಆ ಕ್ಲಬ್ಬನ್ನು ಎತ್ತಿಕೊಂಡು, ಒರೆಸಿ, ಚೀಲಕ್ಕೆ ಹಾಕಿದ. ಒರೆಸಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಆದರೆ ಈ ಸಲ ಕೂಗಲಿಲ್ಲ. ಚೀಲವನ್ನು ಹುಡುಗನ ಹೆಗಲಿನಿಂದ ಇಳಿಸಿ ಟೀ ಪಕ್ಕದಲ್ಲಿಟ್ಟೆ. “ಇವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ ಸರ್. ಉಳಿದ ಹೋಲ್‌ಗಳಿಗೆ ನಿಮಗೆ ಕ್ಯಾಡಿ ಇಲ್ಲ” ಎಂದು ಹೇಳಿ ಗಾಡಿ ಹತ್ತಿದೆ. ಕೆಲಸ ಹೋಗುತ್ತದೆ ಎಂದೇ ಅಂದುಕೊಂಡಿದ್ದೆ.

ಸಂಜೆ ಸಮಿತಿಗೆ ಬರೆದುಕೊಟ್ಟೆ. ಗಾಲ್ಫ್ ನಿಯಮ ಪುಸ್ತಕದ ಮೊದಲನೇ ನಿಯಮದಲ್ಲೇ ಆಟಗಾರನ ನಡತೆಯ ಮಾತಿದೆ: ಪ್ರಾಮಾಣಿಕವಾಗಿರಬೇಕು, ಇತರರ ಬಗ್ಗೆ ಕಾಳಜಿ ಇರಬೇಕು, ಮೈದಾನವನ್ನು ಜೋಪಾನ ಮಾಡಬೇಕು. ಗಂಭೀರವಾಗಿ ತಪ್ಪಿದವರನ್ನು ಸ್ಪರ್ಧೆಯಿಂದ ಹೊರಹಾಕಲೂಬಹುದು. 2019ರ ಫೆಬ್ರುವರಿಯಲ್ಲಿ ಸೌದಿ ಅರೇಬಿಯಾದ ಟೂರ್ನಿಯೊಂದರಲ್ಲಿ ಸಿಟ್ಟಿನಿಂದ ಗ್ರೀನ್‌ಗಳನ್ನು ಹಾಳುಮಾಡಿದ್ದಕ್ಕೆ ಸರ್ಜಿಯೊ ಗಾರ್ಸಿಯಾ ಅವರಂಥ ದೊಡ್ಡ ಆಟಗಾರನನ್ನೇ ಹೊರಗೆ ಕಳಿಸಿದ್ದರು. ಇದನ್ನೆಲ್ಲ ಬರೆದು, ಕೊನೆಗೆ ಒಂದು ವಾಕ್ಯ ಸೇರಿಸಿದೆ: ಹುಲ್ಲಿಗೆ ಸಿಕ್ಕ ನ್ಯಾಯ ಹುಡುಗನ ಮೊಣಕಾಲಿಗೂ ಸಿಗಬೇಕು.

ಸಮಿತಿ ಹುಡುಗನನ್ನು ಕರೆಸಿತು, ಕುರ್ಚಿ ಕೊಟ್ಟು ಕೂರಿಸಿ ಕೇಳಿತು. ನಮ್ಮಲ್ಲಿ ಕ್ಯಾಡಿಯೊಬ್ಬ ಆ ಕೋಣೆಯಲ್ಲಿ ಕೂತು ಮಾತನಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಎಸೆದವರ ಜೊತೆ ಆಡಿದ್ದ ಮೂವರಲ್ಲಿ ಒಬ್ಬರು ಕಂಡದ್ದನ್ನು ಕಂಡಂತೆ ಹೇಳಿದರು. ಅವರು ಹೇಳದಿದ್ದರೆ ನನ್ನ ಕಾಗದಕ್ಕೆ ಬೆಲೆ ಇರುತ್ತಿರಲಿಲ್ಲ. ಎರಡು ತಿಂಗಳು ಆಟ ನಿಂತಿತು, ಲಿಖಿತ ಕ್ಷಮೆ ಬಂತು. ಅದೇ ವರ್ಷ ನನ್ನ ಇನ್ನೊಂದು ಕೋರಿಕೆಯೂ ನಡೆಯಿತು. ಕ್ಯಾಡಿಗಳ ಎದೆಯ ಮೇಲೆ ಸಂಖ್ಯೆಯ ಬದಲು ಹೆಸರು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಹೆಸರು ಓದಿದ ಮೇಲೆ ಅದರ ಹಿಂದೆ ಬೈಗುಳ ಸೇರಿಸುವುದು ಅನೇಕರಿಗೆ ಕಷ್ಟವಾಯಿತು. ಎಲ್ಲರಿಗೂ ಅಲ್ಲ.

ಏಳನೇ ಹೋಲ್‌ಗೆ ಬರುತ್ತೇನೆ. ಅಲ್ಲಿ ಈಗ ಕೆಲಸದವರ ಬಳಿ ಒಂದು ಕೆಂಪು ಬಾವುಟವಿದೆ. ಅದು ನೆಟ್ಟಿರುವಷ್ಟು ಹೊತ್ತು ಟೀಯಿಂದ ಯಾರೂ ಹೊಡೆಯುವಂತಿಲ್ಲ. ಅವರು ಮರದ ಹಿಂದೆ ಸರಿದು, ಬಾವುಟ ಕಿತ್ತು ಬೀಸಿದ ಮೇಲೆಯೇ ಆಟ. ಈ ಪದ್ಧತಿ ತಂದಾಗ ವೇಗಕ್ಕೆ ಅಡ್ಡಿ ಎಂದು ಗೊಣಗಿದವರು ಇದ್ದರು. ಎರಡನೇ ಹೋಲ್‌ನಲ್ಲಿ ಎಂಟು ನಿಮಿಷ ಪೊದೆ ಬಡಿದವರೂ ಅವರಲ್ಲಿದ್ದರು.

ಕಳೆದ ತಿಂಗಳು ಒಂದು ಬೆಳಿಗ್ಗೆ ಆ ಟೀಯಲ್ಲಿ ನಾಲ್ವರು ಕಾಯುತ್ತಿದ್ದರು. ಆಚೆ ಅದೇ ತಾಯಿ, ಅದೇ ಮಳೆಮರ. ಕೊಯ್ಯುತ್ತಿದ್ದ ಸಾಲು ಇನ್ನು ನಾಲ್ಕು ಹಿಡಿಯಷ್ಟು ಉಳಿದಿತ್ತು. ಆಕೆ ತಲೆಯೆತ್ತಿ ಟೀ ಕಡೆ ನೋಡಿದರು, ಮತ್ತೆ ಬಾಗಿ ಆ ಸಾಲನ್ನು ಪೂರ್ತಿ ಮುಗಿಸಿದರು. ಬುತ್ತಿ ಡಬ್ಬಿಯನ್ನು ಎತ್ತಿಕೊಂಡು ಮರದ ಹಿಂದೆ ಹೋದರು. ಆಮೇಲೆ ಬಾವುಟ ಬೀಸಿದರು. ಎರಡು ನಿಮಿಷ ಹೆಚ್ಚಾಯಿತು. ಆ ಎರಡು ನಿಮಿಷವನ್ನು ನಾನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಲಿಲ್ಲ.