ತೂಕದ ಯಂತ್ರದಲ್ಲಿ ಕನ್ನಡ ಹೆಸರು ಹುಡುಕಲು ಅಸೆಂಬ್ಲಿ ಬರೆದೆ: ನನ್ನ ಅನುಭವ

ನಮ್ಮ ಕರಾವಳಿಯಲ್ಲಿ 'ಶ್ರೀ' ಅಂತ ಶುರುವಾಗುವ ಬೋಟುಗಳು ಬೇಕಾದಷ್ಟು ಉಂಟು. ಆದರೆ ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. "ದುರ್ಗಾದ್ದು ಬಂಗುಡೆ ಬರ್ಕೊಳ್ಳಿ" ಅಂದರೆ ಮುಗಿಯಿತು. ಹಾಗಾಗಿ ಮೊದಲಕ್ಷರದಿಂದ ಹುಡುಕುವ ಯಂತ್ರ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಹೆಸರಿನ ನಡುವಿನ ತುಂಡು ಒತ್ತಿದರೂ ಸಿಗಬೇಕು.

ನಾನು ಬೈಕಂಪಾಡಿಯಲ್ಲಿ ಒಂದು ಸಣ್ಣ ವರ್ಕ್‌ಶಾಪ್‌ಗೆ ಪ್ರೋಗ್ರಾಂ ಬರೆಯುತ್ತೇನೆ. ಮೀನು ತೂಗಿ ಕನ್ನಡದಲ್ಲಿ ಚೀಟಿ ಕೊಡುವ ಬ್ಯಾಟರಿ ಯಂತ್ರ ನಮ್ಮದು. ಒಳಗಿರುವ ಚಿಪ್ ಎಸ್‌ಟಿಎಂ32ಎಫ್407, ಅದರ ಪ್ರೊಸೆಸರ್ ಕಾರ್ಟೆಕ್ಸ್-ಎಂ4. ಬೋಟುಗಳ ಹೆಸರಿನ ಪಟ್ಟಿ ಯಂತ್ರದಲ್ಲೇ ಇರುತ್ತದೆ, ಕೀ ಒತ್ತಿದ ಹಾಗೆ ಅದರಲ್ಲಿ ಹುಡುಕಬೇಕು. ಮಲ್ಪೆಯಲ್ಲಿ ಮೊದಲ ಮಾದರಿ ಇಟ್ಟಾಗ ಅಲ್ಲಿಯ ಅಕ್ಕ ಒಬ್ಬರು ಎರಡು ಕೀ ಒತ್ತಿ, "ಎಂತ ಮಾರಾಯ್ರೆ, ಇದು ಇಷ್ಟು ಯೋಚನೆ ಮಾಡ್ತದೆ?" ಅಂದರು. ಅವರು ಹೇಳಿದ್ದು ಸರಿಯೇ. ಒಂದು ಕೈಯಲ್ಲಿ ಮಂಜುಗಡ್ಡೆ ನೀರು, ಇನ್ನೊಂದರಲ್ಲಿ ಮೀನಿನ ಬುಟ್ಟಿ ಇರುವವರನ್ನು ಕಾಯಿಸುವುದು ಸರಿಯಲ್ಲ. ಅದಕ್ಕೆ ಹುಡುಕಾಟದ ಮುಖ್ಯ ಭಾಗವನ್ನು ಅಸೆಂಬ್ಲಿಯಲ್ಲಿ, ಅಂದರೆ ಚಿಪ್‌ನ ಸ್ವಂತ ಆದೇಶಗಳಲ್ಲೇ, ಬರೆದೆ.

ಕ್ಲಾಕ್ (ಚಿಪ್ ಓಡುವ ವೇಗ) ಏರಿಸಿದರೆ ಆಯ್ತಲ್ವಾ ಅಂತ ಕೇಳಬಹುದು. ಈ ಚಿಪ್ 168 ಮೆಗಾಹರ್ಟ್ಸ್‌ವರೆಗೆ ಓಡುತ್ತದೆ, ನಾವು ಬ್ಯಾಟರಿ ಉಳಿಸಲು ಒಳಗಿನ 16 ಮೆಗಾಹರ್ಟ್ಸ್ ಆಸಿಲೇಟರ್‌ನಲ್ಲೇ ಇಟ್ಟಿದ್ದೇವೆ. ಇನ್ನೊಂದು ವಿಷಯ, 168ರಲ್ಲಿ ಫ್ಲ್ಯಾಶ್‌ನಿಂದ (ಪ್ರೋಗ್ರಾಂ ಉಳಿಯುವ ಮೆಮೊರಿ) ಓದಲು 5 ವೇಟ್ ಸ್ಟೇಟ್ ಬೇಕು, ಅಂದರೆ ಅಷ್ಟು ಸೈಕಲ್ (ಕ್ಲಾಕ್‌ನ ಬಡಿತ) ಸುಮ್ಮನೆ ಕಾಯಬೇಕು. ಕೋಡ್‌ಗೆ ತಕ್ಕಮಟ್ಟಿನ ಕ್ಯಾಶ್ (ಓದಿದ್ದನ್ನು ಹತ್ತಿರ ಇಟ್ಟುಕೊಳ್ಳುವ ಜಾಗ) ಇದೆ, ಡೇಟಾಗೆ ಇರುವುದು 16 ಬೈಟಿನ 8 ಸಾಲು ಮಾತ್ರ. ಪಟ್ಟಿಯನ್ನು ಮೊದಲಿಂದ ಕೊನೆವರೆಗೆ ಓದುತ್ತ ಹೋದರೆ ಪ್ರತಿ 16 ಬೈಟಿಗೊಮ್ಮೆ ಕಾಯಬೇಕು. ಅದಕ್ಕೆ ಪಟ್ಟಿಯನ್ನು ಪ್ರೊಸೆಸರ್‌ಗೆ ನೇರ ಸೇರಿದ ಸಿಸಿಎಂ ರ್‍ಯಾಮ್‌ನಲ್ಲಿ ಇಟ್ಟೆ. 64 ಕೆಬಿ ಇದೆ, ಯಾವ ಕ್ಲಾಕ್‌ನಲ್ಲೂ ಕಾಯಿಸುವುದಿಲ್ಲ. ಅಲ್ಲಿಂದ ಕೋಡ್ ಓಡಿಸಲು ಆಗುವುದಿಲ್ಲ, ಡೇಟಾ ಮಾತ್ರ, ನನಗೆ ಅಷ್ಟೇ ಸಾಕಿತ್ತು.

ಈಗ ನಿಜವಾದ ತೊಂದರೆಗೆ ಬರೋಣ. ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ವ್ಯಂಜನ, ಕಾಗುಣಿತದ ಗುರುತು, ಹಲಂತ ಒಂದೊಂದೂ ಬೇರೆ ಸಂಕೇತ. 'ಶ್ರೀ ಮಹಾಲಕ್ಷ್ಮಿ' ನಮ್ಮ ಕಣ್ಣಿಗೆ 5 ಅಕ್ಷರ, ಯಂತ್ರಕ್ಕೆ 43 ಬೈಟ್. ಅದಕ್ಕಿಂತ ಮುಖ್ಯವಾದದ್ದು, ಮೊದಲ ಬೈಟ್ ಯಾವಾಗಲೂ ಇ0 (ಬೈಟ್‌ಗಳನ್ನು ಹೆಕ್ಸ್‌ನಲ್ಲಿ, ಅಂದರೆ 16ರ ಆಧಾರದ ಅಂಕಿಗಳಲ್ಲಿ ಬರೆದಿದ್ದೇನೆ). ಎರಡನೆಯದು ಬಿ2 ಅಥವಾ ಬಿ3. ಈಗ ಬಳಕೆಯಲ್ಲಿರುವ ಸ್ವರ, ವ್ಯಂಜನ ಎಲ್ಲವೂ ಬಿ2ರಲ್ಲೇ ಬರುತ್ತವೆ. ಅಂದರೆ ಯಾವ ಕನ್ನಡ ಪದ ತೆಗೆದುಕೊಂಡರೂ ಮೊದಲ ಎರಡು ಬೈಟ್ ಒಂದೇ, ವ್ಯತ್ಯಾಸ ಇರುವುದು ಮೂರನೆಯದರಲ್ಲಿ. ಸಾಮಾನ್ಯ ಹುಡುಕು ರೂಟೀನ್ ಮಾಡುವುದೇನು? ಕೀಯ (ಹುಡುಕಲು ಒತ್ತಿದ ತುಂಡು) ಮೊದಲ ಬೈಟನ್ನು ಹುಡುಕುತ್ತದೆ, ಸಿಕ್ಕಿದಲ್ಲಿ ನಿಂತು ಉಳಿದದ್ದನ್ನು ಹೋಲಿಸುತ್ತದೆ. ಇಂಗ್ಲಿಷ್‌ಗೆ ಅದು ಚೆನ್ನಾಗಿದೆ. ಕನ್ನಡದಲ್ಲಿ ಪ್ರತಿ ಮೂರು ಬೈಟಿಗೊಮ್ಮೆ ಇ0 ಸಿಗುತ್ತದೆ, ಪ್ರತಿ ಸಲವೂ ನಿಂತು, ಹೆಚ್ಚಿನ ಸಲ ಬಿ2ವರೆಗೂ ಹೊಂದಿಸಿ, ಆಮೇಲೆ ಅಲ್ಲ ಅಂತ ಗೊತ್ತಾಗಿ ವಾಪಸ್ ಬರಬೇಕು. ಎಷ್ಟು ಒಳ್ಳೆಯ ಅಸೆಂಬ್ಲಿ ಬರೆದರೂ ಹೀಗೆ ಹುಡುಕಿದರೆ ಸುಮ್ನೆ ವ್ಯರ್ಥ.

ಹಾಗಾದರೆ ಮೂರನೆಯ ಬೈಟನ್ನೇ ಹುಡುಕಿದರಾಯಿತು ಅಂತ ಅನಿಸುತ್ತದೆ. ಅಲ್ಲೂ ಒಂದು ಸಿಕ್ಕು ಉಂಟು. 'ಲ' ಅಂದರೆ ಇ0 ಬಿ2 ಬಿ2. 'ಳ' ಅಂದರೆ ಇ0 ಬಿ2 ಬಿ3. ಲಕಾರದ ಮೂರನೆಯ ಬೈಟ್ ಹುಡುಕಲು ಹೋದರೆ ಹೆಚ್ಚುಕಡಿಮೆ ಎಲ್ಲ ಅಕ್ಷರದ ಎರಡನೆಯ ಬೈಟೂ ಹೊಂದುತ್ತದೆ! ನಾನು ಮಾಡಿದ್ದು ಇಷ್ಟು: ಹೆಸರು ಸೇರಿಸುವಾಗಲೇ ಯಾವ ಬೈಟ್ ಎಷ್ಟು ಸಲ ಬಂದಿದೆ ಅಂತ 256 ಮನೆಯ ಒಂದು ಲೆಕ್ಕಪಟ್ಟಿ ಇಟ್ಟೆ. ಹುಡುಕುವಾಗ ಕೀಯಲ್ಲಿ ಅತಿ ಅಪರೂಪದ ಬೈಟ್ ಯಾವುದೋ ಅದನ್ನು ಆರಿಸುತ್ತೇನೆ. 'ದುರ್ಗಾ' ಒತ್ತಿದರೆ ದಕಾರದ ಎ6 ಅಥವಾ ಗಕಾರದ 97 ಸಿಗುತ್ತದೆ. ಇ0, ಬಿ2, ಬಿ3 ತಾವಾಗಿಯೇ ಹೊರಗೆ ಹೋಗುತ್ತವೆ. ಬರೀ 'ಲ' ಒತ್ತಿದರೆ ಮುಂದಿನ ಅಕ್ಷರ ಒತ್ತುವವರೆಗೆ ಹುಡುಕಾಟ ಶುರು ಮಾಡುವುದೇ ಇಲ್ಲ. ವೇಗದ ದೊಡ್ಡ ಪಾಲು ಇಲ್ಲಿಂದಲೇ ಬಂತು, ಇದಕ್ಕೆ ಅಸೆಂಬ್ಲಿಯೇ ಬೇಕಿರಲಿಲ್ಲ.

ಅಸೆಂಬ್ಲಿ ಬೇಕಾದದ್ದು ಆ ಒಂದು ಬೈಟನ್ನು ಹುಡುಕಲು. ಒಂದೊಂದೇ ಬೈಟ್ ಓದುವ ಲೂಪ್‌ನಲ್ಲಿ ಎಲ್‌ಡಿಆರ್‌ಬಿಗೆ (ಒಂದು ಬೈಟ್ ಓದುವ ಆದೇಶ) 2 ಸೈಕಲ್, ಹೋಲಿಕೆಗೆ 1, ಹಾರದ ಬ್ರಾಂಚ್‌ಗೆ (ಕೋಡ್‌ನ ಬೇರೆ ಜಾಗಕ್ಕೆ ಹಾರುವ ಆದೇಶ) 1, ಎಣಿಕೆ ಇಳಿಸಲು 1, ಹಿಂದಕ್ಕೆ ಹಾರಲು 2ರಿಂದ 4. ಒಟ್ಟು ಬೈಟಿಗೆ 7ರಿಂದ 9 ಸೈಕಲ್.

ಕಾರ್ಟೆಕ್ಸ್-ಎಂ4ರಲ್ಲಿ ನನಗೆ ತುಂಬಾ ಇಷ್ಟವಾದ ಎರಡು ಇನ್‌ಸ್ಟ್ರಕ್ಷನ್ ಇವೆ, ಯುಆಡ್8 ಮತ್ತು ಸೆಲ್. ಮೊದಲನೆಯದು ನಾಲ್ಕು ಬೈಟ್‌ಗಳನ್ನು ಒಮ್ಮೆಲೇ, ಬೇರೆಬೇರೆಯಾಗಿ ಕೂಡಿಸುತ್ತದೆ, ಎರಡನೆಯದು ಪ್ರತಿ ಜಾಗಕ್ಕೂ ಎರಡರಲ್ಲಿ ಒಂದು ಬೈಟ್ ಆರಿಸುತ್ತದೆ. ಮೊದಲು ಬೇಕಾದ ಬೈಟನ್ನು ನಾಲ್ಕು ಸಲ ತುಂಬಿದ ಒಂದು ವರ್ಡ್ (4 ಬೈಟ್) ಮಾಡಿಕೊಳ್ಳಬೇಕು. ಪಟ್ಟಿಯ ವರ್ಡ್ ಜೊತೆ ಅದನ್ನು ಎಕ್ಸ್‌ಓಆರ್ ಮಾಡಿದರೆ (ಬಿಟ್ ಒಂದೇ ಇದ್ದಲ್ಲಿ 0, ಬೇರೆ ಇದ್ದಲ್ಲಿ 1) ಹೊಂದಿದ ಬೈಟ್ ಸೊನ್ನೆ ಆಗುತ್ತದೆ. ಅದಕ್ಕೆ ಯುಆಡ್8ರಿಂದ ನಾಲ್ಕೂ ಕಡೆ ಎಫ್‌ಎಫ್ ಕೂಡಿಸಿ. ಸೊನ್ನೆಯಲ್ಲದ ಬೈಟಿಗೆ ಕ್ಯಾರಿ ಬರುತ್ತದೆ, ಅದರ ಜಿಇ ಫ್ಲ್ಯಾಗ್ (ಫಲ ಹೇಳುವ ಬಿಟ್, ಬೈಟಿಗೊಂದು) 1 ಆಗುತ್ತದೆ. ಸೊನ್ನೆಗೆ ಬರುವುದಿಲ್ಲ. ಸೆಲ್ ಆ ನಾಲ್ಕು ಫ್ಲ್ಯಾಗ್ ನೋಡಿ ಹೊಂದಿದ ಬೈಟಿನ ಜಾಗದಲ್ಲಿ ಎಫ್‌ಎಫ್, ಉಳಿದಲ್ಲಿ ಸೊನ್ನೆ ಇಡುತ್ತದೆ. ಹೆಕ್ಸ್ 01010101 ಕಳೆದು ಮಾಡುವ ಹಳೆಯ ಉಪಾಯದಲ್ಲಿ ಒಂದು ಬೈಟಿನ ಸಾಲ ಪಕ್ಕದ ಬೈಟಿಗೆ ದಾಟುತ್ತದೆ. ಇಲ್ಲಿ ಪ್ರತಿ ಬೈಟಿನ ಲೆಕ್ಕವೂ ಬೇರೆಬೇರೆ, ದಾಟುವ ಮಾತೇ ಇಲ್ಲ.

ಒಂದು ಸುತ್ತಿಗೆ ಎಲ್‌ಡಿಎಂನಿಂದ (ಒಮ್ಮೆಲೇ ಹಲವು ವರ್ಡ್ ಓದುವ ಆದೇಶ) 4 ವರ್ಡ್ ಓದುತ್ತೇನೆ, ಅದಕ್ಕೆ 5 ಸೈಕಲ್. ಎರಡನೆಯ ಸೆಲ್‌ಗೆ ಸೊನ್ನೆಯ ಬದಲು ಮೊದಲನೆಯ ಸೆಲ್‌ನ ಉತ್ತರವನ್ನೇ ಕೊಟ್ಟರೆ ನಾಲ್ಕರ ಫಲವೂ ಒಂದೇ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಖಾನೆ) ಸೇರುತ್ತ ಹೋಗುತ್ತದೆ, ಬೇರೆ ಓಆರ್ ಬೇಡ. ಕೊನೆಗೆ ಒಂದು ಸಿಬಿಎನ್‌ಝಡ್ (ಸೊನ್ನೆಯಲ್ಲದಿದ್ದರೆ ಹಾರುವ ಆದೇಶ) ಇಟ್ಟರೆ ಸಿಕ್ಕಿದಾಗ ಹೊರಗೆ ಹಾರುತ್ತದೆ. ಇದು ಮುಂದಕ್ಕೆ ಮಾತ್ರ ಹಾರಬಲ್ಲದು, ಹಾಗಾಗಿ ಲೂಪ್ ತಿರುಗಿಸಲು ಮಾಮೂಲಿ ಬ್ರಾಂಚ್ ಬೇಕು. ಲೂಪಿನ ಆರಂಭವನ್ನು 4 ಬೈಟಿಗೆ ಅಲೈನ್ ಮಾಡಿ (ವಿಳಾಸ 4ರ ಗುಣಕ ಆಗಿರಲಿ), ಇಲ್ಲದಿದ್ದರೆ ಪ್ರತಿ ಸುತ್ತಿಗೂ ಪೈಪ್‌ಲೈನ್ (ಮುಂದಿನ ಆದೇಶಗಳ ಸಾಲು) ತುಂಬಲು ಜಾಸ್ತಿ ಸೈಕಲ್ ಹೋಗಬಹುದು. ಎಲ್ಲ ಕೂಡಿ 16 ಬೈಟಿಗೆ 21ರಿಂದ 23 ಸೈಕಲ್. 48 ಕೆಬಿ ಪಟ್ಟಿ 16 ಮೆಗಾಹರ್ಟ್ಸ್‌ನಲ್ಲಿ 4 ಮಿಲಿಸೆಕೆಂಡ್ ಚಿಲ್ಲರೆಯಲ್ಲಿ ಮುಗಿಯುತ್ತದೆ. ಸಿಕ್ಕಿದ ಮೇಲೆ ಯಾವ ವರ್ಡ್ ಅಂತ ನೋಡಿ, ರೆವ್ (ಬೈಟ್‌ಗಳ ಕ್ರಮ ತಿರುಗಿಸುವುದು) ಮತ್ತು ಸಿಎಲ್‌ಝಡ್ (ಮುಂದಿರುವ ಸೊನ್ನೆ ಬಿಟ್ ಎಣಿಸುವುದು) ಮಾಡಿ 8ರಿಂದ ಭಾಗಿಸಿದರೆ ಬೈಟಿನ ಜಾಗ ಗೊತ್ತಾಗುತ್ತದೆ. ಅಲ್ಲಿಂದ ಹಿಂದೆ ಸರಿದು ಪೂರ್ತಿ ಕೀ ಹೋಲಿಸುವುದನ್ನು ಸಿ ಭಾಷೆಯಲ್ಲೇ ಬಿಟ್ಟಿದ್ದೇನೆ, ಅದು ಅಪರೂಪಕ್ಕೆ ನಡೆಯುವ ಕೆಲಸ.

ನಡುವೆ ಲೋಡ್‌ಸೆಲ್‌ನ (ತೂಕ ಅಳೆಯುವ ಭಾಗ) ಇಂಟರಪ್ಟ್ (ಓಡುವ ಕೋಡನ್ನು ತಡೆದು ಬೇರೆ ಕೆಲಸ ಮಾಡಿಸುವ ಕರೆ) ಬಂದರೆ ಜಿಇ ಫ್ಲ್ಯಾಗ್ ಹಾಳಾಗುವುದಿಲ್ಲವೇ? ಇಲ್ಲ. ಫ್ಲ್ಯಾಗ್‌ಗಳಿರುವ ಸ್ಟೇಟಸ್ ರಿಜಿಸ್ಟರನ್ನು ಹಾರ್ಡ್‌ವೇರೇ ಸ್ಟ್ಯಾಕ್‌ಗೆ (ತಾತ್ಕಾಲಿಕವಾಗಿ ಉಳಿಸುವ ಮೆಮೊರಿ) ಹಾಕಿ ವಾಪಸ್ ತರುತ್ತದೆ. ಆರ್4ರಿಂದ ಆರ್11ರವರೆಗಿನ ರಿಜಿಸ್ಟರ್‌ಗಳಲ್ಲಿ ನೀವು ಬಳಸಿದ್ದನ್ನು ಮಾತ್ರ ರೂಟೀನಿನ ಶುರುವಿನಲ್ಲಿ ನೀವೇ ಸ್ಟ್ಯಾಕ್‌ಗೆ ಪುಶ್ ಮಾಡಬೇಕು.

ಎಷ್ಟು ಸೈಕಲ್ ಹೋಯಿತು ಅಂತ ಅಳೆಯಲು ಚಿಪ್‌ನಲ್ಲೇ ಇರುವ ಡಿಡಬ್ಲ್ಯುಟಿ ಘಟಕದ ಸೈಕಲ್ ಕೌಂಟರ್ ಬಳಸಿ, ಬೇರೆ ಏನೂ ಬೇಡ. ಮೊದಲು ಡೆಮ್‌ಸಿಆರ್ ಎಂಬ ರಿಜಿಸ್ಟರ್‌ನಲ್ಲಿ ಟ್ರೇಸ್ ಬಿಟ್ ಆನ್ ಮಾಡಬೇಕು, ಅಳೆಯುವಷ್ಟು ಹೊತ್ತು ಇಂಟರಪ್ಟ್ ನಿಲ್ಲಿಸಿ.

ಪರೀಕ್ಷೆಗೆ ಸಿಯಲ್ಲಿ ಬರೆದ ಸಾದಾ ರೂಟೀನ್ ಪಕ್ಕದಲ್ಲಿ ಇಟ್ಟು ಎರಡರ ಉತ್ತರ ಹೋಲಿಸುತ್ತೇನೆ. ಹೊಂದುವ ಬೈಟನ್ನು 16 ಜಾಗದಲ್ಲೂ ಒಂದೊಂದು ಸಲ ಇಟ್ಟು ನೋಡಬೇಕು. ಎಲ್‌ಡಿಎಂಗೆ ಅಲೈನ್ ಆಗದ ವಿಳಾಸ ಕೊಟ್ಟರೆ ಫಾಲ್ಟ್ (ಪ್ರೋಗ್ರಾಂ ಅಲ್ಲೇ ನಿಲ್ಲಿಸುವ ದೋಷ) ಆಗುತ್ತದೆ, ಅದಕ್ಕೆ ಪಟ್ಟಿಯ ಆರಂಭ 4ಕ್ಕೆ ಅಲೈನ್ ಆಗಿರಬೇಕು, ಉದ್ದವನ್ನು 16ರ ಗುಣಕಕ್ಕೆ ಸೊನ್ನೆ ತುಂಬಿ ಸರಿಮಾಡಬೇಕು. ಕೊನೆಯದಾಗಿ ಪಟ್ಟಿಯನ್ನು ಸಿಸಿಎಂನ ತುತ್ತತುದಿಗೆ, ಅಂದರೆ ಕೊನೆಯ ಬೈಟ್ 1000ಎಫ್‌ಎಫ್‌ಎಫ್‌ಎಫ್ ವಿಳಾಸದಲ್ಲಿ ಬರುವ ಹಾಗೆ ಇಟ್ಟು, ಇಲ್ಲದ ಹೆಸರನ್ನು ಹುಡುಕಿಸಿ. ಅದರಾಚೆ ಮೆಮೊರಿಯೇ ಇಲ್ಲ, ಹಾಗಾಗಿ ಲೂಪ್ ಒಂದೇ ಒಂದು ಸುತ್ತು ಜಾಸ್ತಿ ತಿರುಗಿದರೂ ಅಲ್ಲೇ ಹಾರ್ಡ್‌ಫಾಲ್ಟ್ ಬೀಳುತ್ತದೆ.