ಇ20 ಪೆಟ್ರೋಲ್‌ಗೆಂದೇ ಜಿಪ್ಸಿಯ ಎಂಜಿನ್ ಕಟ್ಟಿದ ನನ್ನ ಅನುಭವ

ಹಳೆಯ ಕಾರ್ಬುರೇಟರ್ ಗಾಡಿಗಳನ್ನು ಇಟ್ಟುಕೊಂಡವರೆಲ್ಲ ಈಚೆಗೆ ಒಂದೇ ದೂರು ಹೇಳುತ್ತಾರೆ: ಇ20 (ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಪಿಕಪ್ ಹೋಯಿತು, ಮೈಲೇಜ್ ಬಿತ್ತು, ರಬ್ಬರ್ ಭಾಗಗಳು ಕೆಟ್ಟವು. ದೂರು ಸುಳ್ಳಲ್ಲ. ಆದರೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಈ ಇಂಧನ ಬಿಡುಗಡೆಯಾದಾಗಿನಿಂದಲೂ ನನ್ನ ವಾದ ಬೇರೆಯೇ ಇತ್ತು. ಸಾಮಾನ್ಯ ಪೆಟ್ರೋಲ್‌ನ ಆಕ್ಟೇನ್ 91, ಇ20ರದು 95 ಎಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ; ಅಂದ ಮೇಲೆ ನಾಕಿಂಗ್ (ಹಿಂಡಿದ ಇಂಧನ ತಾನಾಗಿ ಸಿಡಿದು ಎಂಜಿನ್ ಬಡಿದುಕೊಳ್ಳುವುದು) ತಡೆಯುವ ಶಕ್ತಿ ಬಂಕಿನಿಂದಲೇ ಪುಕ್ಕಟೆಯಾಗಿ ಬರುತ್ತಿರುವಾಗ, ಹಳೆಯ ಎಂಜಿನ್ನಿನ ಕಂಪ್ರೆಶನ್ (ಗಾಳಿ-ಇಂಧನದ ಮಿಶ್ರಣವನ್ನು ಹಿಂಡುವ ಪ್ರಮಾಣ) ಏರಿಸಿ ಅದನ್ನು ದುಡಿಸಿಕೊಳ್ಳುವುದು ಬಿಟ್ಟು ಗೊಣಗುವುದೇಕೆ? ಮಂಡ್ಯದ ಗ್ಯಾರೇಜುಗಳಲ್ಲಾಗಲಿ ಮೈಸೂರಿನ ಹೆಬ್ಬಾಳದ ಲೇತ್ ಅಂಗಡಿಗಳಲ್ಲಾಗಲಿ ಇದನ್ನು ಒಪ್ಪಿದವರು ಒಬ್ಬರೂ ಸಿಗಲಿಲ್ಲ. ಈಗ ನನ್ನ ಜಿಪ್ಸಿ ನಾಲ್ಕು ಜನರನ್ನು ಹೊತ್ತು ಮೇಲುಕೋಟೆಯ ಬೆಟ್ಟವನ್ನು ಮೂರನೇ ಗೇರಿನಲ್ಲಿಯೇ ಹತ್ತುತ್ತಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ಗಾಡಿ ಕಾರ್ಬುರೇಟರಿನ ಜಿಪ್ಸಿ ಕಿಂಗ್. ಎಂಜಿನ್ ಜಿ13ಬಿಎ, ಎಂಟು ವಾಲ್ವಿನದು, 74 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 75.5 ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), 1298 ಸಿ.ಸಿ. ಇದರಲ್ಲಿ ಪವರ್ ಬೇಕೆಂದವರಿಗೆ ಎಲ್ಲರೂ ಹೇಳುವ ದಾರಿ ಒಂದೇ, ಹಳೆಯ ಬಲೆನೊ ಸೆಡಾನಿನ 1.6 ಲೀಟರ್ ಎಂಜಿನ್ ತಂದು ಕೂರಿಸುವುದು. ಅದು ಒಳ್ಳೆಯ ಎಂಜಿನ್ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬೆಂಗಳೂರಿನಲ್ಲಿ ನನಗೆ ಹೇಳಿದ ಬೆಲೆ ಕೆಲಸವೂ ಸೇರಿ ಎರಡು ಲಕ್ಷ ದಾಟಿತ್ತು. ಜೊತೆಗೆ ಎಂಜಿನ್ ನಂಬರ್ ಬದಲಾದರೆ ಆರ್.ಸಿ.ಯಲ್ಲಿ ಅದನ್ನು ನಮೂದಿಸಲು ಆರ್.ಟಿ.ಒ. ಕಚೇರಿಗೆ ಅಲೆಯಬೇಕು, ಹದಿನೈದು ವರ್ಷ ದಾಟಿದ ಗಾಡಿಯ ಎಫ್.ಸಿ. ನವೀಕರಣದ ವೇಳೆ ಅದೇ ತಲೆನೋವು ಮತ್ತೆ ಎದುರಾಗುತ್ತದೆ. ನನ್ನ ಬ್ಲಾಕ್ ಗಟ್ಟಿಯಾಗಿತ್ತು, ನಂಬರ್ ಸ್ಪಷ್ಟವಾಗಿತ್ತು. ಅದನ್ನೇ ಕಟ್ಟುವುದೆಂದು ನಿರ್ಧರಿಸಿದೆ.

ಪಾಂಡವಪುರದ ಹತ್ತಿರದ ತೋಟದ ಮನೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡೇ ನನ್ನ ಕಾರ್ಯಾಗಾರ. ಕಬ್ಬು ಕಟಾವಿನ ಕಾಲ ಮುಗಿದು ಶೆಡ್ ಖಾಲಿಯಾದ ಮೇಲೆ, ಜಿ.ಐ. ಪೈಪಿನ ಚೌಕಟ್ಟಿಗೆ ಚೈನ್ ಬ್ಲಾಕ್ ಹಾಕಿ ಎಂಜಿನ್ ಇಳಿಸಿದೆ. ಜಿಪ್ಸಿಯ ಎಂಜಿನ್ ಇಳಿಸುವುದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ. ರೇಡಿಯೇಟರ್ ತೆಗೆದರೆ ಮುಂದೆ ಬೇಕಾದಷ್ಟು ಜಾಗವಿದೆ. ಬಿಚ್ಚಿ ನೋಡಿದಾಗ ಬೋರ್‌ನ ಮೇಲ್ತುದಿಯಲ್ಲಿ ಉಗುರಿಗೆ ಸಿಗುವಷ್ಟು ಮೆಟ್ಟಿಲು ಬಿದ್ದಿತ್ತು, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಮಾತ್ರ ಸ್ಟ್ಯಾಂಡರ್ಡ್ ಅಳತೆಯಲ್ಲಿಯೇ ಇತ್ತು. ಹಾಗಾಗಿ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್, ಹೊಸ ರಿಂಗ್ಸ್, ಹೊಸ ಬೇರಿಂಗ್ ಹಾಕುವುದೆಂದಾಯಿತು. ಬೋರ್ 74.5 ಆದರೆ ಒಟ್ಟು 1316 ಸಿ.ಸಿ.ಯ ಹತ್ತಿರ ಬರುತ್ತದೆ. ಪಿಸ್ಟನ್ ಸೆಟ್ಟನ್ನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದೆ, ಒಂಬತ್ತು ಸಾವಿರದ ಆಸುಪಾಸಿನಲ್ಲಿ ಸಿಕ್ಕಿತು. ಕ್ರ್ಯಾಂಕನ್ನು ಫ್ಲೈವೀಲ್ ಮತ್ತು ಕ್ಲಚ್ ಪ್ಲೇಟಿನ ಸಮೇತ ಬ್ಯಾಲೆನ್ಸ್ ಮಾಡಿಸಲು ಐದು ಸಾವಿರ ಹೋಯಿತು. ಇದು ದಂಡ ಎಂದು ಊರಿನ ಮೇಸ್ತ್ರಿ ಹೇಳಿದರು. ಈಗ ಐದು ಸಾವಿರ ಆರ್.ಪಿ.ಎಂ.ನಲ್ಲಿ ಗೇರ್ ಲಿವರ್ ನಡುಗುವುದಿಲ್ಲ, ಆ ಐದು ಸಾವಿರ ರೂಪಾಯಿಗೆ ಅದೇ ಲೆಕ್ಕ.

ಈ ಕೆಲಸದ ಜೀವಾಳ ಅಳತೆ. ಎಷ್ಟು ಕಂಪ್ರೆಶನ್ ಬೇಕೆಂದು ತೀರ್ಮಾನಿಸದೆ ಹೆಡ್ಡನ್ನು (ಸಿಲಿಂಡರುಗಳ ಮೇಲಿನ ಮುಚ್ಚಳ) ಫೇಸಿಂಗಿಗೆ, ಅಂದರೆ ತಳ ಕೆರೆದು ಸಮ ಮಾಡಲು, ಕೊಡುವವರೇ ಹೆಚ್ಚು. ನಾನು ಪಶು ಔಷಧದ ಅಂಗಡಿಯಿಂದ ದೊಡ್ಡ ಸಿರಿಂಜ್ ತಂದೆ. ದಪ್ಪ ಅಕ್ರಿಲಿಕ್ ಹಾಳೆಯ ನಡುವೆ ಸಣ್ಣ ತೂತು ಕೊರೆದೆ. ವಾಲ್ವ್ ಮತ್ತು ಪ್ಲಗ್ ಹಾಕಿದ ಹೆಡ್ಡನ್ನು ಬೋರಲಾಗಿ ಇಟ್ಟು, ಚೇಂಬರಿನ (ಇಂಧನ ಉರಿಯುವ ಕುಳಿಯ) ಅಂಚಿಗೆ ತೆಳುವಾಗಿ ಗ್ರೀಸ್ ಸವರಿ ಹಾಳೆಯನ್ನು ಒತ್ತಿ ಕೂರಿಸಿ, ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಬಣ್ಣ ಬರಿಸಿದ ಸೀಮೆಎಣ್ಣೆಯನ್ನು ತೂತಿನಿಂದ ತುಂಬುತ್ತ ಹೋದೆ. ಕೊನೆಯ ಗಾಳಿಗುಳ್ಳೆ ತೂತಿನ ಬಾಯಿಗೆ ಬಂದು ಹೊರಬಿದ್ದಾಗ ಸಿರಿಂಜಿನ ಗೆರೆ ಓದಬೇಕು. ಒಂದು ಚೇಂಬರಿಗೂ ಇನ್ನೊಂದಕ್ಕೂ ಒಂದು ಸಿ.ಸಿ.ಗಿಂತ ಹೆಚ್ಚು ವ್ಯತ್ಯಾಸವಿತ್ತು. ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕಿನ ನಡುವಿನ ತೆಳು ಹಾಳೆ), ಪಿಸ್ಟನ್ನಿನ ತಗ್ಗು ಎಲ್ಲವನ್ನೂ ಸೇರಿಸಿದರೆ ಒಂದು ಸಿಲಿಂಡರಿನ ಮೇಲೆ ಉಳಿಯುವ ಜಾಗ ನಲವತ್ತೂವರೆ ಸಿ.ಸಿ.ಯಷ್ಟು, ಅಂದರೆ ಹಳೆಯ ಬೋರಿನಲ್ಲಿ ಕಂಪ್ರೆಶನ್ ಅನುಪಾತ 9ರ ಹತ್ತಿರ. ನನಗೆ ಬೇಕಾದದ್ದು ಹತ್ತೂಕಾಲು. ಹೊಸ ಬೋರಿಗೆ ಆ ಜಾಗ ಮೂವತ್ತೈದೂವರೆ ಸಿ.ಸಿ.ಗೆ ಇಳಿಯಬೇಕು. ಹೆಡ್ಡಿನಲ್ಲಿ 0.9 ಮಿ.ಮೀ., ಬ್ಲಾಕಿನ ಮೇಲ್ಮೈಯಲ್ಲಿ 0.3, ಗ್ಯಾಸ್ಕೆಟ್ಟಿನ ದಪ್ಪದಲ್ಲಿ 0.2, ಹೀಗೆ ಹಂಚಿದಾಗ ಆ ಐದು ಸಿ.ಸಿ. ಸರಿಹೋಯಿತು. ತೆಳುವಾದ ಗ್ಯಾಸ್ಕೆಟ್ ಯಾವುದು, ಎಲ್ಲಿಯದು, ಅದಕ್ಕೆ ನಾನು ಏನು ಸವರುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅಷ್ಟನ್ನು ಕಂಡುಕೊಳ್ಳಲು ನನಗೆ ಸಾಕಷ್ಟು ಹಣ ಖರ್ಚಾಗಿದೆ.

ಹಣ ಖರ್ಚಾದ ಬಗೆಯನ್ನಾದರೂ ಹೇಳಬೇಕು. ಮೊದಲು ಹೆಡ್ಡನ್ನು ಫೇಸಿಂಗಿಗೆ ಕೊಟ್ಟ ಅಂಗಡಿಯವರು ಲಾರಿ ಮತ್ತು ಟ್ರ್ಯಾಕ್ಟರ್ ಹೆಡ್ಡುಗಳನ್ನು ಕೂರಿಸುವ ಹಾಗೆಯೇ ಈ ಸಣ್ಣ ಅಲ್ಯೂಮಿನಿಯಂ ಹೆಡ್ಡನ್ನೂ ಕೂರಿಸಿ ಕೆರೆದರು. ನೋಡಲು ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಗೆ ತಂದು ಜೋಡಿಸಿ ನೂರಿನ್ನೂರು ಕಿಲೋಮೀಟರ್ ಓಡಿಸುವಷ್ಟರಲ್ಲಿ ಮೂರನೇ ಮತ್ತು ನಾಲ್ಕನೇ ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಹಾರಿತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಮೈಕ್ರೋಮೀಟರ್ ಹಿಡಿದಾಗ ಒಂದು ತುದಿ ಇನ್ನೊಂದಕ್ಕಿಂತ 0.1 ಮಿ.ಮೀ. ತೆಳುವಾಗಿರುವುದು ಕಂಡಿತು. ಹೆಚ್ಚು ಕಂಪ್ರೆಶನ್ ಮಾಡಿದರೆ ಹೀಗೇ ಆಗುತ್ತದೆ ಎಂದು ಎಲ್ಲರೂ ಅಂದರು. ಅದು ಕಂಪ್ರೆಶನ್ನಿನ ತಪ್ಪಲ್ಲ, ಸಮತಟ್ಟಿನ ತಪ್ಪು. ಮೈಸೂರಿನಲ್ಲಿ ಬೇರೊಬ್ಬ ಹಿರಿಯ ಕೆಲಸಗಾರರು ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ಕೂರುವ ಮೇಲ್ಭಾಗವನ್ನು ಆಧಾರವಾಗಿಟ್ಟುಕೊಂಡು ಡಯಲ್ ಗೇಜ್ ಓಡಿಸಿ, ಎರಡು ಗಂಟೆ ಕೂರಿಸುವುದಕ್ಕೇ ತೆಗೆದುಕೊಂಡು, ಹತ್ತು ನಿಮಿಷದಲ್ಲಿ ಕೆರೆದುಕೊಟ್ಟರು. ಅದೇ ಹೆಡ್ ಈಗಲೂ ಗಾಡಿಯ ಮೇಲಿದೆ. ಎರಡನೇ ಸಲ ಕೆರೆದಾಗ ಲೆಕ್ಕಕ್ಕಿಂತ ಹೆಚ್ಚು ಹೋದ ಜಾಗವನ್ನು, ಇನ್‌ಟೇಕ್ ವಾಲ್ವಿನ ಸುತ್ತ ಚೇಂಬರಿನ ಗೋಡೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ವಾಪಸ್ ಪಡೆದೆ; ಇದರಿಂದ ನಾಲ್ಕೂ ಚೇಂಬರುಗಳು ಸಮವಾದವು, ವಾಲ್ವ್‌ಗೂ ಉಸಿರಾಡಲು ಅನುಕೂಲವಾಯಿತು. ಮೊದಲ ಫೇಸಿಂಗ್, ಹಾಳಾದ ಗ್ಯಾಸ್ಕೆಟ್ ಕಿಟ್, ಎರಡು ಸಲ ಬದಲಿಸಿದ ಆಯಿಲ್ ಎಲ್ಲ ಸೇರಿ ಆರು ಸಾವಿರದಷ್ಟು ವ್ಯರ್ಥವಾಯಿತು.

ಹೆಡ್ ಇಷ್ಟು ಕೆಳಗೆ ಬಂದಾಗ ಎರಡು ವಿಷಯ ನೋಡಲೇಬೇಕು. ಒಂದು, ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಅಂತರ. ಮಕ್ಕಳು ಆಡುವ ಕ್ಲೇಯನ್ನು ಪಿಸ್ಟನ್ ತಲೆಯ ಮೇಲಿಟ್ಟು, ಕ್ರ್ಯಾಂಕನ್ನು ಕೈಯಿಂದಲೇ ಎರಡು ಸುತ್ತು ತಿರುಗಿಸಿ, ಬಿಚ್ಚಿ, ವಾಲ್ವ್ ಒತ್ತಿದ ಜಾಗವನ್ನು ಬ್ಲೇಡಿನಿಂದ ಸೀಳಿ ಅಳೆದೆ, ಎರಡು ಮಿ.ಮೀ.ಗಿಂತ ಹೆಚ್ಚೇ ಉಳಿದಿತ್ತು. ಇನ್ನೊಂದು, ಟೈಮಿಂಗ್ ಬೆಲ್ಟ್. ಕ್ಯಾಮ್ ಮತ್ತು ಕ್ರ್ಯಾಂಕಿನ ನಡುವಿನ ದೂರ ಕಡಿಮೆಯಾದುದರಿಂದ ಕ್ಯಾಮ್ ಟೈಮಿಂಗ್ ಒಂದೆರಡು ಡಿಗ್ರಿ ಹಿಂದೆ ಬೀಳುತ್ತದೆ. ಕ್ಯಾಮ್ ಪುಲ್ಲಿಯನ್ನು ಎರಡು ಭಾಗವಾಗಿ ಮಾಡಿಸಿ, ಬೋಲ್ಟ್ ತೂತುಗಳನ್ನು ಉದ್ದಕ್ಕೆ ಕೊರೆಸಿ, ಡಿಗ್ರಿ ಚಕ್ರ ಹಿಡಿದು ಸರಿಪಡಿಸಿದೆ.

ನಡುವೆ ಕ್ಯಾಮಿನದೂ ಒಂದು ಪ್ರಯೋಗ ನಡೆಯಿತು. ರ್‍ಯಾಲಿ ಓಡಿಸುವ ಪರಿಚಿತರ ಸಲಹೆಯಂತೆ ಎಂಟು ಸಾವಿರ ಕೊಟ್ಟು ರೀಗ್ರೈಂಡ್ ಮಾಡಿಸಿದ, ಅಂದರೆ ವಾಲ್ವ್ ಹೆಚ್ಚು ಹೊತ್ತು ತೆರೆದಿರುವಂತೆ ಮತ್ತೆ ಉಜ್ಜಿಸಿದ ಕ್ಯಾಮ್ ಹಾಕಿ ನೋಡಿದೆ. ನಾಲ್ಕು ಸಾವಿರ ಆರ್.ಪಿ.ಎಂ. ದಾಟಿದ ಮೇಲೆ ಗಾಡಿ ನಿಜಕ್ಕೂ ಹಾರುತ್ತಿತ್ತು. ದಸರೆಯ ಹೊತ್ತಿಗೆ ಲಲಿತಮಹಲ್ ಹೆಲಿಪ್ಯಾಡ್ ಮೈದಾನದ ಮಣ್ಣಿನ ಟ್ರ್ಯಾಕಿನಲ್ಲಿ ಓಡಿಸುವವರಿಗೆ ಅದು ಒಪ್ಪುತ್ತದೆ. ಆದರೆ ನಾಲೆಯ ಏರಿಯ ಮೇಲೆ ಎತ್ತಿನ ಗಾಡಿಯ ಹಿಂದೆ ಎರಡನೇ ಗೇರಿನಲ್ಲಿ ಹೋಗುವಾಗ ಎಂಜಿನ್ ಮುಗ್ಗರಿಸುತ್ತಿತ್ತು. ಕಾರಣ ಸರಳ: ವಾಲ್ವ್ ತಡವಾಗಿ ಮುಚ್ಚಿದರೆ, ಕಷ್ಟಪಟ್ಟು ಏರಿಸಿದ ಕಂಪ್ರೆಶನ್ ಕಡಿಮೆ ವೇಗದಲ್ಲಿ ಇನ್‌ಟೇಕಿನ ಕಡೆಗೇ ಸೋರಿಹೋಗುತ್ತದೆ. ಹಳೆಯ ಕ್ಯಾಮನ್ನೇ ಮತ್ತೆ ಹಾಕಿದೆ. ಊರಿನಲ್ಲಿ ಓಡುವ ಗಾಡಿಗೆ ಸ್ಟಾಕ್ ಕ್ಯಾಮ್ ಮತ್ತು ಹೆಚ್ಚು ಕಂಪ್ರೆಶನ್, ಇದೇ ಸರಿಯಾದ ಜೋಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಇಂಧನದ ದಾರಿ. ಇ20ರ ವಿರುದ್ಧ ಇರುವ ದೂರುಗಳಲ್ಲಿ ಮುಕ್ಕಾಲು ಪಾಲು ಇಲ್ಲಿಯದೇ. ಎಥನಾಲ್ ಹಳೆಯ ಟ್ಯಾಂಕಿನ ಒಳಗಿನ ತುಕ್ಕನ್ನು ಸಡಿಲಿಸಿ ಫಿಲ್ಟರಿಗೆ ತುಂಬುತ್ತದೆ, ಹಳೆಯ ರಬ್ಬರನ್ನು ಊದಿಸುತ್ತದೆ, ತೇವವನ್ನು ಹೀರಿಕೊಳ್ಳುತ್ತದೆ. ನನ್ನ ಮೆಕ್ಯಾನಿಕಲ್ ಪಂಪಿನ ಡಯಾಫ್ರಾಮ್ ಹಪ್ಪಳದಂತೆ ಅಲೆಯಲೆಯಾಗಿ ಎದ್ದಿತ್ತು. ಟ್ಯಾಂಕ್ ಇಳಿಸಿ ತೊಳೆಸಿ, ಇಂಜೆಕ್ಷನ್ ಗಾಡಿಗಳಿಗೆ ಬರುವ ವಿಟಾನ್ ಒಳಪದರದ ಹೋಸನ್ನು ಉದ್ದಕ್ಕೂ ಹಾಕಿ, ಪಂಪ್ ಮತ್ತು ಕಾರ್ಬುರೇಟರಿನ ರಬ್ಬರ್ ಭಾಗಗಳನ್ನೆಲ್ಲ ಬದಲಿಸಿದೆ. ಎಂಟು ಸಾವಿರ ತಗುಲಿತು. ಹೊಸ ಡಯಾಫ್ರಾಮನ್ನು ಹಾಕುವ ಮೊದಲು ಒಂದು ವಾರ ಗಾಜಿನ ಬಾಟಲಿಯಲ್ಲಿ ಬಂಕಿನ ಪೆಟ್ರೋಲ್ ತುಂಬಿ ಅದರೊಳಗೆ ಮುಳುಗಿಸಿಡಿ. ಊದಿದ್ದನ್ನು ಅಂಗಡಿಗೆ ಹಿಂತಿರುಗಿಸಿ. ನಾನು ಹಾಗೆ ಹಿಂತಿರುಗಿಸಿದ್ದೇನೆ.

ಜೆಟ್ (ಕಾರ್ಬುರೇಟರಿನಲ್ಲಿ ಇಂಧನ ಹರಿಯುವ ಸಣ್ಣ ತೂತಿನ ಭಾಗ) ಬದಲಿಸದೆ ಇ20 ಹಾಕಿದರೆ ಎಂಜಿನ್ ಲೀನ್ ಓಡುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಇಂಧನ ಕಡಿಮೆ ಬೀಳುತ್ತದೆ. ಶುದ್ಧ ಪೆಟ್ರೋಲ್‌ಗೆ ಗಾಳಿ 14.7 ಪಾಲು ಬೇಕಾದರೆ ಎಥನಾಲ್‌ಗೆ 9 ಸಾಕು. ಇ20ಗೆ ಅದು ಹದಿಮೂರೂವರೆಯ ಹತ್ತಿರ ಬರುತ್ತದೆ. ಅಂದರೆ ಇಂಧನ ಶೇ 8ರಷ್ಟು ಹೆಚ್ಚು ಹೋಗಬೇಕು, ಜೆಟ್ಟಿನ ವ್ಯಾಸ ಶೇ 4ರಷ್ಟು ಹಿಗ್ಗಬೇಕು. 110ರ ಜೆಟ್ 115ರ ಹತ್ತಿರ ಬಂದರೆ ಸಾಕು. ಪಿನ್ ವೈಸಿನಲ್ಲಿ ಸಣ್ಣ ಡ್ರಿಲ್ ಹಿಡಿದು ಕೈಯಿಂದ ತಿರುಗಿಸುತ್ತ ಮಾಡಬೇಕಾದ ಕೆಲಸವಿದು. ಮೊದಲು ಹಳೆಯ ಜೆಟ್ಟುಗಳ ಮೇಲೆ ಕೈ ಪಳಗಿಸಿಕೊಳ್ಳುವುದು ಒಳ್ಳೆಯದು. ಬಂಕಿನವರು ಹಾಕುವುದು ನಿಜಕ್ಕೂ ಇ20 ಹೌದೇ ಎಂದು ತಿಳಿಯಲು ಅಳತೆಯ ಗಾಜಿನ ಕೊಳವೆಯಲ್ಲಿ ನೂರು ಮಿ.ಲೀ. ಪೆಟ್ರೋಲ್‌ಗೆ ಹತ್ತು ಮಿ.ಲೀ. ನೀರು ಹಾಕಿ ಚೆನ್ನಾಗಿ ಕುಲುಕಿ ಇಟ್ಟೆ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಕೆಳಗಿನ ಪದರ ಹತ್ತರಿಂದ ಮೂವತ್ತರ ಹತ್ತಿರಕ್ಕೆ ಬೆಳೆಯಿತು. ನಾವು ಬೆಳೆದ ಕಬ್ಬಿನ ಕಾಕಂಬಿಯಿಂದ ತೆಗೆದ ಎಥನಾಲೂ ಆ ಪದರದಲ್ಲಿ ಇರಬಹುದೆಂದು ತಿಳಿದಾಗ ನಮ್ಮ ತಂದೆಯವರು ಆ ಕೊಳವೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಪ್ಲಗ್ಗನ್ನು ಒಂದು ಹಂತ ತಣ್ಣಗಿನದಕ್ಕೆ (ಬಿಸಿಯನ್ನು ಬೇಗ ಹೊರಗೆ ಬಿಡುವಂಥದ್ದಕ್ಕೆ) ಬದಲಿಸಿ ಎನ್‌ಜಿಕೆಯ ಬಿಪಿಆರ್6ಇಎಸ್ ಹಾಕಿದೆ. ಇಗ್ನಿಷನ್ ಟೈಮಿಂಗನ್ನು (ಪ್ಲಗ್ ಕಿಡಿ ಹಾರಿಸುವ ಹೊತ್ತನ್ನು) ಹತ್ತು ಡಿಗ್ರಿಯಿಂದ ಆರಂಭಿಸಿದಾಗ ಮೇಲುಕೋಟೆಯ ಏರಿನಲ್ಲಿ, ಬಿಸಿಲಿನಲ್ಲಿ, ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಸಣ್ಣಗೆ ಕಿಣಿಕಿಣಿ ಸದ್ದು ಕೇಳುತ್ತಿತ್ತು. ಎರಡು ಡಿಗ್ರಿ ಹಿಂದಕ್ಕೆ ತಂದರೆ ಸದ್ದು ನಿಂತಿತು, ಆದರೆ ಕೆಳಗಿನ ಎಳೆತವೂ ಕುಗ್ಗಿತು. ಕೊನೆಗೆ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳ ಸ್ಪ್ರಿಂಗ್ ಬದಲಿಸಿ, ಅಡ್ವಾನ್ಸ್ (ಕಿಡಿ ಮುಂಚೆ ಹಾರುವುದು) ಬರುವ ವೇಗವನ್ನೇ ತಿದ್ದಿದ ಮೇಲೆ ಎರಡೂ ಸರಿಹೋದವು. ಯಾವ ಗಾಡಿಯ ಸ್ಪ್ರಿಂಗ್ ಎಂಬುದು ನನ್ನಲ್ಲಿಯೇ ಇರಲಿ. ಗುಜರಿಯಲ್ಲಿ ಐವತ್ತು ರೂಪಾಯಿಗೆ ಸಿಗುತ್ತದೆ ಎಂದಷ್ಟೇ ಹೇಳಬಲ್ಲೆ.

ಫಲಿತಾಂಶ ಹೀಗಿದೆ. ಕಂಪ್ರೆಶನ್ ಗೇಜಿನಲ್ಲಿ ಮೊದಲು 150 ಪಿ.ಎಸ್.ಐ. ದಾಟದಿದ್ದ ಸಿಲಿಂಡರುಗಳು ಈಗ 205ರಿಂದ 210ರ ನಡುವೆ ನಿಲ್ಲುತ್ತವೆ. ನಾಲ್ಕನೇ ಗೇರಿನಲ್ಲಿ 40ರಿಂದ 80ಕ್ಕೆ ಏರಲು ಹದಿನಾಲ್ಕು ಸೆಕೆಂಡಿನಷ್ಟು ಬೇಕಾಗುತ್ತಿತ್ತು, ಈಗ ಹತ್ತರ ಆಸುಪಾಸು. ಇದನ್ನು ಮೊಬೈಲಿನಲ್ಲಿ ಸ್ಪೀಡೋಮೀಟರಿನ ವಿಡಿಯೊ ಮಾಡಿ ಲೆಕ್ಕ ಹಾಕಿದ್ದು. ಇ20 ಬಂದ ಮೇಲೆ ಲೀಟರಿಗೆ ಒಂಬತ್ತಕ್ಕೆ ಇಳಿದಿದ್ದ ಮೈಲೇಜ್ ಹತ್ತೂವರೆಗೆ ಬಂದಿದೆ. ಇದರಲ್ಲಿ ಹೊಸ ರಿಂಗ್ಸಿನ ಪಾಲೂ ಇದೆ, ಎಲ್ಲವೂ ಕಂಪ್ರೆಶನ್ನಿನಿಂದಲೇ ಬಂದದ್ದೆಂದು ನಾನು ಹೇಳುವುದಿಲ್ಲ. ಹೊಗೆ ತಪಾಸಣೆಯಲ್ಲಿ ಸಿ.ಒ. (ಕಾರ್ಬನ್ ಮಾನಾಕ್ಸೈಡ್) ಶೇ 3ರ ಮಿತಿಯ ಅರ್ಧಕ್ಕೂ ಕಡಿಮೆ ಬಂತು. ಒಟ್ಟು ಖರ್ಚು, ವ್ಯರ್ಥವಾದದ್ದೂ ಕ್ಯಾಮಿನ ಪ್ರಯೋಗವೂ ಕ್ಲಚ್ಚೂ ಸೇರಿ, ಎಪ್ಪತ್ತು ಸಾವಿರದ ಹತ್ತಿರ. ಮೊದಲು ದಂಡ ಎಂದಿದ್ದ ಮೇಸ್ತ್ರಿ ಗಾಡಿಯನ್ನು ತಾವೇ ಓಡಿಸಿ ಬಂದು, "ನಮ್ಮ ಗಿರಾಕಿಯದೊಂದು ಎಸ್ಟೀಮ್ ಇದೆ, ಅದಕ್ಕೂ ಹೀಗೇ ಮಾಡ್ಕೊಡ್ತೀರಾ ಗೌಡ್ರೇ?" ಎಂದು ಕೇಳಿದರು. ಅದರ ಹೆಡ್ ಈಗ ನನ್ನ ಶೆಡ್ಡಿನಲ್ಲಿದೆ.

ಮಾಡಲು ಹೊರಟವರಿಗೆ ಎರಡು ಮಾತು. ಹೆಡ್ ಬೋಲ್ಟುಗಳನ್ನು ಸಾವಿರ ಕಿಲೋಮೀಟರ್ ಆದ ಮೇಲೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ, ಅದೇ ದಿನ ಟ್ಯಾಪೆಟ್ಟನ್ನೂ ಸರಿಪಡಿಸಿ. ಗಾಡಿಯನ್ನು ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬುರೇಟರಿನ ಫ್ಲೋಟ್ ಬೌಲನ್ನು ಖಾಲಿ ಮಾಡಿಯೇ ನಿಲ್ಲಿಸಿ. ತೇವ ಹೀರಿದ ಇ20 ಅಲ್ಲಿ ಕೂತರೆ ಬೌಲಿನ ತಳದಲ್ಲಿ ಬಿಳಿ ಪುಡಿ ಕಟ್ಟಿ, ಅಷ್ಟು ಕಷ್ಟಪಟ್ಟು ಅಳತೆ ಮಾಡಿದ ಜೆಟ್ಟನ್ನೇ ಮುಚ್ಚುತ್ತದೆ.