ಬೇಸೋಫಿಲ್ ಕೋಶವನ್ನು ಕೆಣಕಿ ನೋಡುವ ಪರೀಕ್ಷೆ: ನನ್ನ ಅನುಭವ

ಬೆಂಗಳೂರಿನ ಖಾಸಗಿ ಪ್ರಯೋಗಾಲಯವೊಂದರಲ್ಲಿ ಅಲರ್ಜಿಯ ಪರೀಕ್ಷೆಗಳನ್ನು ನಾನು ನೋಡಿಕೊಳ್ಳುತ್ತೇನೆ. ಕಡಲೆಕಾಯಿಗೆ ಐಜಿಇ, ಅಂದರೆ ಅಲರ್ಜಿಗೆ ಕಾರಣವಾಗುವ ಬಗೆಯ ಪ್ರತಿಕಾಯ, ಹೆಚ್ಚಿದೆ ಎಂಬ ವರದಿ ಹಿಡಿದು ಬರುವ ಪೋಷಕರಲ್ಲಿ ಕೆಲವರು, ಮಗು ದಿನವೂ ಕಡಲೆಕಾಯಿ ಚಟ್ನಿ ತಿನ್ನುತ್ತದೆ, ಏನೂ ಆಗುವುದಿಲ್ಲ ಎನ್ನುತ್ತಾರೆ. ವರದಿಯೂ ಸುಳ್ಳಲ್ಲ, ಅವರ ಮಾತೂ ಸುಳ್ಳಲ್ಲ. ರಕ್ತದಲ್ಲಿ ಪ್ರತಿಕಾಯ ಇರುವುದು ಬೇರೆ, ಕೋಶದ ಮೇಲೆ ಅದು ಕೆಲಸ ಮಾಡುವುದು ಬೇರೆ.

ರಕ್ತದಲ್ಲಿ ತೇಲುವ ಐಜಿಇಯ ಅರ್ಧಾಯುಷ್ಯ ಸುಮಾರು 2 ದಿನ ಮಾತ್ರ; ಆದರೆ ಚರ್ಮ, ಶ್ವಾಸನಾಳ ಮತ್ತು ಕರುಳಿನಲ್ಲಿರುವ, ಅಲರ್ಜಿಯ ಪ್ರತಿಕ್ರಿಯೆ ಎಬ್ಬಿಸುವ ಮಾಸ್ಟ್ ಕೋಶಗಳ ಮೇಲಿನ ಗ್ರಾಹಕಕ್ಕೆ ಅದು ಅಂಟಿಕೊಂಡಿತೆಂದರೆ ವಾರಗಟ್ಟಲೆ ಅಲ್ಲೇ ಉಳಿಯುತ್ತದೆ. ಎಫ್‌ಸಿ-ಎಪ್ಸಿಲಾನ್-ಆರ್‌-1 ಎಂಬ ಈ ಗ್ರಾಹಕದ ಆಲ್ಫಾ ಸರಪಳಿ ಪ್ರತಿಕಾಯದ ಬುಡವನ್ನು ಹಿಡಿಯುತ್ತದೆ, ಬೀಟಾ ಹಾಗೂ ಜೋಡಿ ಗಾಮಾ ಸರಪಳಿಗಳು ಸಂಕೇತವನ್ನು ಒಳಕ್ಕೆ ಒಯ್ಯುತ್ತವೆ. ಒಂದೇ ಅಲರ್ಜಿಕಾರಕ ಕಣವು ಅಕ್ಕಪಕ್ಕದ ಎರಡು ಪ್ರತಿಕಾಯಗಳನ್ನು ಸೇತುವೆಯಂತೆ ಜೋಡಿಸಿದಾಗ ಮಾತ್ರ ಗ್ರಾಹಕಗಳು ಒತ್ತಾಗಿ ಸೇರಿ, ಲಿನ್ ಮತ್ತು ಸಿಕ್ ಎಂಬ ಕಿಣ್ವಗಳು ಚುರುಕಾಗಿ, ಕೋಶದೊಳಗೆ ಕ್ಯಾಲ್ಸಿಯಂ ಏರಿ, ಕೆಲವೇ ನಿಮಿಷಗಳಲ್ಲಿ, ತುರಿಕೆ-ಊತ ತರುವ ಹಿಸ್ಟಮಿನ್ ತುಂಬಿದ ಕಣಿಕೆಗಳು ಹೊರಕ್ಕೆ ಒಡೆದುಕೊಳ್ಳುತ್ತವೆ. ಅಲರ್ಜಿಕಾರಕವನ್ನು ಸಡಿಲವಾಗಿ ಹಿಡಿಯುವ, ಅಥವಾ ಅದರ ಒಂದೇ ಜಾಗವನ್ನು ಗುರುತಿಸುವ ಪ್ರತಿಕಾಯಗಳು ಎಷ್ಟಿದ್ದರೂ ಈ ಜೋಡಣೆ ಸುಲಭಕ್ಕೆ ಆಗದು.

ಮಾಸ್ಟ್ ಕೋಶಗಳು ಅಂಗಾಂಶದಲ್ಲಿ ಹುದುಗಿರುವುದರಿಂದ, ಅದೇ ಗ್ರಾಹಕವನ್ನು ಹೊತ್ತು ರಕ್ತದಲ್ಲೇ ಓಡಾಡುವ ಬೇಸೋಫಿಲ್‌ಗಳನ್ನು ನಾನು ಬಳಸುತ್ತೇನೆ. ಬಿಳಿ ರಕ್ತಕಣಗಳಲ್ಲಿ ಇವುಗಳ ಪಾಲು ಶೇಕಡಾ 1ಕ್ಕಿಂತ ಕಡಿಮೆ. ರಕ್ತವನ್ನು ಹೆಪಾರಿನ್ ನಳಿಕೆಯಲ್ಲೇ ಕಳಿಸಬೇಕೆಂದು ಹೇಳುತ್ತೇನೆ, ಏಕೆಂದರೆ ರಕ್ತ ಹೆಪ್ಪುಗಟ್ಟದಂತೆ ನಳಿಕೆಗೆ ಹಾಕುವ ಇನ್ನೊಂದು ವಸ್ತುವಾದ ಇಡಿಟಿಎ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ ಮತ್ತು ಕ್ಯಾಲ್ಸಿಯಂ ಇಲ್ಲದೆ ಕೋಶ ಪ್ರತಿಕ್ರಿಯಿಸದು. ಮಾದರಿ ತಾಜಾ ಆಗಿದ್ದಷ್ಟೂ ಒಳ್ಳೆಯದು. ನಗರದ ಸಂಜೆಯ ವಾಹನದಟ್ಟಣೆಯನ್ನು ನೆನೆದು ಬೆಳಗಿನ ಮಾದರಿಗಳಿಗೇ ನಾನು ಆದ್ಯತೆ ಕೊಡುತ್ತೇನೆ.

ಒಂದು ನಳಿಕೆಗೆ ಬರಿಯ ದ್ರಾವಣ, ಇನ್ನೊಂದಕ್ಕೆ ಗ್ರಾಹಕವನ್ನೇ ನೇರವಾಗಿ ಜೋಡಿಸುವ ಪ್ರತಿಕಾಯ, ಮೂರನೆಯದಕ್ಕೆ ಈ ಗ್ರಾಹಕದ ಹಾದಿಯನ್ನು ಬಿಟ್ಟು ಬೇರೆ ದಾರಿಯಿಂದ ಕೋಶವನ್ನು ಎಬ್ಬಿಸುವ ರಾಸಾಯನಿಕವಾದ ಎಫ್‌ಎಂಎಲ್‌ಪಿ ಹಾಕಿ, ಉಳಿದವಕ್ಕೆ ಅಲರ್ಜಿಕಾರಕವನ್ನು ಹತ್ತು ಪಟ್ಟು ತೆಳುಗೊಳಿಸುತ್ತ ಸೇರಿಸಿ 37 ಡಿಗ್ರಿಯಲ್ಲಿ ಇಡುತ್ತೇನೆ. ಆಮೇಲೆ ತಣ್ಣಗೆ ಮಾಡಿ, ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಬೆರೆಸಿ, ಕೋಶಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಓಡಿಸುತ್ತೇನೆ. ಕಣಿಕೆಯ ಪೊರೆಯಲ್ಲಿ ಅಡಗಿರುವ ಸಿಡಿ63 ಪ್ರೋಟೀನು ಕೋಶದ ಹೊರಮೈಗೆ ಬಂದಿದ್ದರೆ ಆ ಕೋಶ ಕಣಿಕೆಯನ್ನು ಬಿಡುಗಡೆ ಮಾಡಿದೆ ಎಂದರ್ಥ.

ನನಗೆ ಅತ್ಯಂತ ಇಷ್ಟವಾಗುವುದು ಆಗ ಮೂಡುವ ರೇಖೆ. ಅಲರ್ಜಿಕಾರಕ ಹೆಚ್ಚಿದಂತೆ ಪ್ರತಿಕ್ರಿಯೆ ಏರುತ್ತಲೇ ಹೋಗಬೇಕೆಂದು ಯಾರಾದರೂ ಊಹಿಸಿಯಾರು. ಆದರೆ ಒಂದು ಹಂತ ದಾಟಿದ ಮೇಲೆ ಅದು ಮತ್ತೆ ಇಳಿಯಬಹುದು. ಪ್ರತಿಯೊಂದು ಪ್ರತಿಕಾಯಕ್ಕೂ ಪ್ರತ್ಯೇಕ ಕಣ ಸಿಕ್ಕಿಬಿಟ್ಟರೆ ಇಬ್ಬರನ್ನು ಜೋಡಿಸುವ ಕಣವೇ ಇರುವುದಿಲ್ಲವಲ್ಲ! ಆದ್ದರಿಂದ ಒಂದೇ ಸಾಂದ್ರತೆಯಲ್ಲಿ ಮಾಡಿ ಮುಗಿಸುವ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ.

ಕೆಲವರ ಬೇಸೋಫಿಲ್‌ಗಳು ಎರಡನೆಯ ನಳಿಕೆಗೂ ಮಿಸುಕುವುದಿಲ್ಲ, ಎಫ್‌ಎಂಎಲ್‌ಪಿಗೆ ಮಾತ್ರ ಎಚ್ಚರಗೊಳ್ಳುತ್ತವೆ. ಅಂಥವರ ಕೋಶಗಳಲ್ಲಿ ಸಿಕ್ ಕಿಣ್ವ ಕಡಿಮೆ ಇರುವುದುಂಟು. ಇಲ್ಲಿ ಅಲರ್ಜಿ ಇಲ್ಲ ಎಂದು ಬರೆಯುವಂತಿಲ್ಲ. ಪರೀಕ್ಷೆಯಿಂದ ಉತ್ತರ ಸಿಗಲಿಲ್ಲ ಎಂದೇ ಬರೆಯುತ್ತೇನೆ.

ಔಷಧಿಗಳ ಬಗ್ಗೆ ಮೊದಲೇ ಕೇಳಿಕೊಳ್ಳುತ್ತೇನೆ. ಹಿಸ್ಟಮಿನ್ ತಡೆಯುವ ಮಾತ್ರೆ ನುಂಗಿದ್ದರೆ ಚರ್ಮದ ಚುಚ್ಚು ಪರೀಕ್ಷೆ ಕೆಡುತ್ತದೆ, ನಮ್ಮದು ಕೆಡುವುದಿಲ್ಲ. ಒಮಾಲಿಜುಮಾಬ್ ಚುಚ್ಚುಮದ್ದು ನಡೆಯುತ್ತಿದ್ದರೆ ಮಾತು ಬೇರೆ: ಅದು ಮುಕ್ತ ಐಜಿಇಯನ್ನು ಹಿಡಿದುಕೊಳ್ಳುವುದರಿಂದ ಖಾಲಿ ಉಳಿದ ಗ್ರಾಹಕಗಳು ಬೇಸೋಫಿಲ್ ಮೇಲಿಂದ ಕ್ರಮೇಣ ಕಡಿಮೆಯಾಗುತ್ತವೆ.

ಪಾರ್ಥೇನಿಯಂ, ಅಂದರೆ ನಮ್ಮ ಖಾಲಿ ನಿವೇಶನಗಳ ಕಾಂಗ್ರೆಸ್ ಗಿಡ, ತಾಕಿ ಮುಖ-ಕುತ್ತಿಗೆ ಕಪ್ಪಿಟ್ಟು ತುರಿಸುವವರನ್ನೂ ನಮ್ಮಲ್ಲಿಗೆ ಕಳಿಸುತ್ತಾರೆ. ಆ ಚರ್ಮದ ಉರಿಯೂತ ಮುಖ್ಯವಾಗಿ ಐಜಿಇಯದಲ್ಲ, ಟಿ ಕೋಶಗಳೆಂಬ ಬೇರೆ ಬಿಳಿ ರಕ್ತಕಣಗಳ ಕೆಲಸ. ಅದಕ್ಕೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಪರೀಕ್ಷೆಯೇ ಸರಿ ಎಂದು ಚರ್ಮರೋಗ ತಜ್ಞರ ಬಳಿಗೆ ಹಿಂದಿರುಗಿಸುತ್ತೇನೆ.